ಮೂರು ವಾರದಿಂದ ಉರೈಪನಿ: ನೀಲಗಿರಿಯಲ್ಲಿ ಹಿಮ ಬೀಳಲು ಇನ್ನೆಷ್ಟು ಚಳಿ ಬೇಕು?

ತಾಳವಾಡಿ ಮೇಷ್ಟ್ರು (ತಲೈಕುಂದಾ, ನೀಲಗಿರಿ) ಕೇಳಿದ್ದು:

ನಾನು ಈರೋಡು ಜಿಲ್ಲೆಯ ತಾಳವಾಡಿ ಕಡೆಯವನು. ಕಳೆದ ಜೂನಿನಿಂದ ಊಟಿಯ ಹತ್ತಿರದ ತಲೈಕುಂದಾದಲ್ಲಿ ಬಾಡಿಗೆ ಮನೆ ಹಿಡಿದು ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದೇನೆ. ಸಂಕ್ರಾಂತಿಗೆ ಒಂದು ವಾರ ಮುಂಚೆ ಹಿಡಿದ ಚಳಿ ಮೂರು ವಾರವಾದರೂ ಬಿಟ್ಟಿಲ್ಲ. ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತೆರೆದರೆ ಎದುರಿನ ಹುಲ್ಲುಗಾವಲೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ತೆಳ್ಳನೆಯ ಪದರ ಕಟ್ಟಿರುತ್ತದೆ. ರಾತ್ರಿ ಮರೆತು ಹಗ್ಗದ ಮೇಲೆ ಬಿಟ್ಟ ಪಂಚೆ ಹಪ್ಪಳದ ಹಾಗೆ ಸೆಟೆದು ನಿಂತಿರುತ್ತದೆ. ಇಲ್ಲಿಯವರು ಇದನ್ನು ಉರೈಪನಿ ಎನ್ನುತ್ತಾರೆ. ಪ್ರವಾಸಿಗರಂತೂ ಬೆಳಗಾಗುವ ಮೊದಲೇ ಕಾರಿನಲ್ಲಿ ಬಂದು, ಹುಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡು, "ಮಿನಿ ಕಾಶ್ಮೀರ" ಎಂದು ಹಾಕಿಕೊಳ್ಳುತ್ತಿದ್ದಾರೆ.

ನನ್ನ ಮಗಳಿಗೆ ಎಂಟು ವರ್ಷ. ಇಷ್ಟು ಚಳಿ ಆದ ಮೇಲೆ ಇವತ್ತಲ್ಲ ನಾಳೆ ಹಿಮ ಬಿದ್ದೇ ಬೀಳುತ್ತದೆ ಎಂದು ನಂಬಿ, ದಿನವೂ ಮಲಗುವ ಮುನ್ನ ಒಂದು ಸ್ಟೀಲ್ ತಟ್ಟೆಯನ್ನು ಅಂಗಳದಲ್ಲಿಟ್ಟು ಬರುತ್ತಾಳೆ. ಬೆಳಿಗ್ಗೆ ತಟ್ಟೆಯ ತುಂಬ ಬಿಳಿ ಪುಡಿ ಇರುತ್ತದೆ. ಆದರೆ ಅದು ಮೇಲಿನಿಂದ ಬಿದ್ದದ್ದಲ್ಲ ಎಂಬುದು ಅವಳಿಗೂ ಗೊತ್ತಾಗಿಬಿಟ್ಟಿದೆ, ಏಕೆಂದರೆ ತಟ್ಟೆಯ ಅಡಿಭಾಗದ ಅಂಚಿಗೂ ಅದು ಅಂಟಿಕೊಂಡಿರುತ್ತದೆ. ಊರಿನಿಂದ ನಮ್ಮ ಅಣ್ಣ ಫೋನು ಮಾಡಿದಾಗಲೆಲ್ಲ "ಹಿಮ ಬಿತ್ತಾ?" ಎಂದೇ ಮಾತು ಶುರು ಮಾಡುತ್ತಾನೆ.

ಬಲ್ಲವರು ದಯವಿಟ್ಟು ತಿಳಿಸಬೇಕು. ಇನ್ನೆಷ್ಟು ಡಿಗ್ರಿ ಇಳಿದರೆ ಇಲ್ಲಿ ಹಿಮ ಬೀಳಬಹುದು? ಜೊತೆಗೆ ಒಂದು ಸಣ್ಣ ಸಂದೇಹ: ನನ್ನ ಸ್ಕೂಟರಿನ ಮುಂಭಾಗ ತಗಡಿನ ಮಾಡಿನ ಕೆಳಗಿರುತ್ತದೆ, ಸೀಟು ಬಯಲಿಗಿರುತ್ತದೆ. ಸೀಟಿನ ಮೇಲೆ ಪುಡಿ ಉಪ್ಪು ಚೆಲ್ಲಿದಂತೆ ಉರೈಪನಿ ಕೂತಿರುತ್ತದೆ. ಎರಡಡಿ ದೂರದ ಹ್ಯಾಂಡಲಿನ ಮೇಲೆ ಏನೂ ಇರುವುದಿಲ್ಲ. ಚಳಿ ಎರಡೂ ಕಡೆ ಒಂದೇ ಅಲ್ಲವೇ?

ಅಕ್ಕಲಕೋಟೆ ಜೋಳದ ಹೊಲ (ಸೊಲ್ಲಾಪುರ ಜಿಲ್ಲೆ):

ಮೇಷ್ಟ್ರೇ, ನಮ್ಮ ಕಡೆ ಉರೈಪನಿಯೂ ಇಲ್ಲ, ಹಿಮವೂ ಇಲ್ಲ. ಆದರೂ ಒಂದು ಮಾತು ಹೇಳಬೇಕೆನಿಸಿತು. ನಮ್ಮಲ್ಲಿ ಆಕಾಶದಿಂದ ಮಂಜುಗಡ್ಡೆ ಬೀಳುವುದು ಚಳಿಗಾಲದ ನಟ್ಟನಡುವೆ ಅಲ್ಲ, ಬಿಸಿಲೇರಿದ ಮೇಲೆ. ಬೆಳಿಗ್ಗೆಯಿಂದ ಧಗೆಯೋ ಧಗೆ, ಸಂಜೆ ನಾಲ್ಕಕ್ಕೆ ಕಪ್ಪು ಮೋಡ ಏರಿ ಬಂದು ನಿಂಬೆಕಾಯಿ ಗಾತ್ರದ ಆಣೆಕಲ್ಲು ಸುರಿದದ್ದನ್ನು ನಾನೇ ಕಂಡಿದ್ದೇನೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ಮಹಾರಾಷ್ಟ್ರದ ಉದ್ದಗಲಕ್ಕೂ ಬಿದ್ದ ಆಣೆಕಲ್ಲಿನಲ್ಲಿ ದ್ರಾಕ್ಷಿ, ದಾಳಿಂಬೆ, ಕೊಯ್ಲಿಗೆ ಬಂದ ಜೋಳ ಎಲ್ಲವೂ ನೆಲ ಕಚ್ಚಿದವು. ಆದ್ದರಿಂದ ನೆಲದ ಮೇಲಿನ ಚಳಿಗೂ ಮೇಲಿನಿಂದ ಬೀಳುವ ಗಡ್ಡೆಗೂ ನೇರ ಸಂಬಂಧವಿಲ್ಲ ಎಂಬುದು ನನ್ನ ಅನುಭವ. ಹೆಚ್ಚಿನದನ್ನು ಬಲ್ಲವರು ಹೇಳಲಿ.

ಕೋತಗಿರಿ ಚಹಾ ತೋಟ:

ಅಕ್ಕಲಕೋಟೆಯವರು ಸರಿಯಾದ ಎಳೆಯನ್ನೇ ಹಿಡಿದಿದ್ದಾರೆ. ಮೇಷ್ಟ್ರೇ, ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ನಿಮ್ಮ ಸಣ್ಣ ಸಂದೇಹದೊಳಗೇ, ಅಂದರೆ ಆ ಸ್ಕೂಟರಿನಲ್ಲೇ, ಇದೆ.

ನೆಲ, ಹುಲ್ಲು, ಸ್ಕೂಟರಿನ ಸೀಟು, ನಿಮ್ಮ ಮಗಳ ತಟ್ಟೆ ಇವೆಲ್ಲ ರಾತ್ರಿಯಿಡೀ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತವೆ. ಮೇಲೆ ಮೋಡವಿದ್ದರೆ ಆ ಶಾಖದಲ್ಲಿ ಬಹುಪಾಲು ಹಿಂದಿರುಗಿ ಬರುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿಯೂ ನಿಂತಿದ್ದರೆ ಹೋದದ್ದು ಹೋದ ಹಾಗೆಯೇ. ಹೀಗೆ ತಣ್ಣಗಾದ ವಸ್ತುವಿನ ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ, ಸುತ್ತಲ ಗಾಳಿಯಲ್ಲಿರುವ ನೀರಾವಿ ನೀರಾಗದೆ ನೇರವಾಗಿ ಮಂಜುಗಡ್ಡೆಯ ಹರಳಾಗಿ ಅದರ ಮೇಲೆ ಕೂರುತ್ತದೆ. ಉರೈಪನಿ ಎಂದರೆ ಅದೇ. ಹಾಗಾಗಿಯೇ ಅದು ತಟ್ಟೆಯ ಅಡಿ ಅಂಚಿಗೂ ಅಂಟುತ್ತದೆ. ನಿಮ್ಮ ಹ್ಯಾಂಡಲಿಗೆ ಆಕಾಶ ಕಾಣುವುದಿಲ್ಲ, ತಗಡು ಕಾಣುತ್ತದೆ. ಸೀಟಿಗೆ ಇಡೀ ಆಕಾಶ ಕಾಣುತ್ತದೆ. ವ್ಯತ್ಯಾಸ ಅಷ್ಟೇ. ನಮ್ಮ ತೋಟದಲ್ಲೂ ನೆರಳು ಮರದ ಕೆಳಗಿನ ಚಹಾ ಗಿಡ ಉಳಿದು, ಬಯಲಿನ ಸಾಲು ಮಾತ್ರ ಸುಟ್ಟ ಹಾಗೆ ಕಪ್ಪಾಗುವುದುಂಟು.

ಇನ್ನು ಪತ್ರಿಕೆಯಲ್ಲಿ "3 ಡಿಗ್ರಿ" ಎಂದು ಬರುತ್ತದೆ, ಅಂಗಳದಲ್ಲಿ ನೋಡಿದರೆ ನೀರು ಗಟ್ಟಿಯಾಗಿರುತ್ತದೆ ಎಂದು ಹಲವರು ತಕರಾರು ಮಾಡುತ್ತಾರೆ. ಹವಾಮಾನ ಕೇಂದ್ರದ ಥರ್ಮಾಮೀಟರು ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ಮರದ ಪೆಟ್ಟಿಗೆಯೊಳಗೆ ಇರುತ್ತದೆ. ತಿಳಿಯಾದ ರಾತ್ರಿಯಲ್ಲಿ ಹುಲ್ಲಿನ ಮಟ್ಟ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಇರುವುದು ಸಾಮಾನ್ಯ. ತಣ್ಣನೆಯ ಗಾಳಿ ಭಾರವಾದ್ದರಿಂದ ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತಲೈಕುಂದಾ, ಕಾಂದಲ್ ಮುಂತಾದ ತಗ್ಗುಗಳು ಬೆಳ್ಳಗಾದ ದಿನ ಅವುಗಳ ಮೇಲಿನ ಗುಡ್ಡದ ಹೆಗಲು ಹಸಿರಾಗಿಯೇ ಇರುವುದನ್ನು ನೀವು ನೋಡಿರಬಹುದು.

ಈಗ ಹಿಮದ ವಿಷಯ. ಹಿಮ ಬೀಳಬೇಕಾದರೆ ಮೊದಲು ಮೋಡ ಬೇಕು. ನಿಮ್ಮ ಈ ಚಳಿಯನ್ನು ತಂದದ್ದೇ ಮೋಡವಿಲ್ಲದ ಆಕಾಶ. ಹಿಂಗಾರು ಮಳೆ ಡಿಸೆಂಬರಿನಲ್ಲಿ ಹಿಂದೆ ಸರಿದ ಮೇಲೆ ಗಾಳಿ ಒಣಗಿ, ಆಕಾಶ ತೊಳೆದಿಟ್ಟ ಹಾಗಾಗಿ, ಆ ಬಳಿಕ ಉರೈಪನಿ ಜೋರಾಗುತ್ತದೆ. ನಡುವೆ ಸಮುದ್ರದ ಕಡೆಯಿಂದ ಮೋಡ ಬಂದಿತೆನ್ನಿ, ಅದೇ ರಾತ್ರಿ ಚಳಿ ಬಿಡುತ್ತದೆ. ನಮ್ಮ ತೋಟದ ಥರ್ಮಾಮೀಟರು ಮೋಡ ಕವಿದ ಜನವರಿಯ ರಾತ್ರಿಗಳಲ್ಲಿ 8, 10 ಡಿಗ್ರಿಗಿಂತ ಕೆಳಗಿಳಿದದ್ದನ್ನು ನಾನು ಕಂಡಿಲ್ಲ. ಚಳಿಯಿದ್ದಾಗ ಮೋಡವಿಲ್ಲ, ಮೋಡ ಬಂದಾಗ ಚಳಿಯಿಲ್ಲ. ಆದ್ದರಿಂದ "ಇನ್ನೆಷ್ಟು ಡಿಗ್ರಿ ಇಳಿಯಬೇಕು" ಎಂದು ಲೆಕ್ಕ ಹಾಕಿ ಪ್ರಯೋಜನವಿಲ್ಲ.

ನಮ್ಮ ನೆತ್ತಿಯ ಮೇಲಿನ ಮೋಡದಲ್ಲೂ ಹಿಮದ ಹರಳು ಹುಟ್ಟುವುದುಂಟು, ಆದರೆ ಬಹಳ ಎತ್ತರದಲ್ಲಿ. ಈ ಅಕ್ಷಾಂಶದಲ್ಲಿ ಗಾಳಿ ಸೊನ್ನೆ ಡಿಗ್ರಿ ಮುಟ್ಟುವುದು ಚಳಿಗಾಲದಲ್ಲೂ ಸುಮಾರು 4.5ರಿಂದ 5 ಕಿಲೋಮೀಟರ್ ಎತ್ತರದಲ್ಲಿ. ದೊಡ್ಡಬೆಟ್ಟದ ಎತ್ತರ 2,637 ಮೀಟರ್. ದಕ್ಷಿಣ ಭಾರತಕ್ಕೇ ಎತ್ತರದ ಆನಮುಡಿ 2,695 ಮೀಟರ್. ಆ ಹರಳು ಬೆಚ್ಚನೆಯ ಗಾಳಿಯಲ್ಲಿ ಇನ್ನೂ ಎರಡು ಕಿಲೋಮೀಟರು ಇಳಿಯಬೇಕು. ಮೊದಲ ಕೆಲವು ನೂರು ಮೀಟರುಗಳಲ್ಲೇ ಕರಗಿ ಮಳೆಹನಿಯಾಗಿಬಿಡುತ್ತದೆ. ಕಿಲಿಮಂಜಾರೋ ನಮಗಿಂತಲೂ ಸಮಭಾಜಕಕ್ಕೆ ಹತ್ತಿರವಿದ್ದರೂ ಅದರ ತುದಿಯಲ್ಲಿ ಹಿಮವಿರುವುದು ಅದು 5,895 ಮೀಟರ್ ಎತ್ತರವಿರುವುದರಿಂದ. ಅಕ್ಕಲಕೋಟೆಯವರ ಆಣೆಕಲ್ಲಿನ ಕಥೆಯೂ ಇದಕ್ಕೇ ಸೇರಿದ್ದು: ಬಿಸಿಲಿಗೆ ಕಾದ ಗಾಳಿ ರಭಸದಿಂದ ಮೇಲೇರಿ ನೀರ ಹನಿಗಳನ್ನು ಆ ತಣ್ಣನೆಯ ಮಟ್ಟಕ್ಕೊಯ್ದು ಪದರ ಪದರವಾಗಿ ದಪ್ಪಗಾಗಿಸುತ್ತದೆ, ಕರಗಲು ಪುರಸೊತ್ತಿಲ್ಲದಷ್ಟು ದಪ್ಪವಾದ ಕಲ್ಲು ನೆಲ ಮುಟ್ಟುತ್ತದೆ.

ಅಂದ ಮೇಲೆ ನೀಲಗಿರಿಯಲ್ಲಿ ಹಿಮ ಕಾಯುವುದನ್ನು ಬಿಡಿ. ಬೇಸರ ಮಾಡಿಕೊಳ್ಳಬೇಡಿ.

ನಿವೃತ್ತ ಹವಾಲ್ದಾರ್ (ಬದಿಯಡ್ಕ, ಕಾಸರಗೋಡು):

ಮಾಷ್ಟ್ರೇ, ತೋಟದವರು ಹೇಳಿದ್ದನ್ನು ಹಿಮ ಬೀಳುವ ನಾಡಿನಲ್ಲಿ ನಾನು ಮೈಯಾರೆ ಅನುಭವಿಸಿದ್ದೇನೆ. ಎರಡು ಚಳಿಗಾಲ ನಾನು ಕಾಶ್ಮೀರದ ಕುಪ್ವಾರಾ ಜಿಲ್ಲೆಯಲ್ಲಿದ್ದೆ. ಮಂಜು ಎಂದರೆ ಜನವರಿ ಬೆಳಗಿನ ಮಬ್ಬು, ಅದು ಹೆಚ್ಚಾದರೆ ಗೇರು ಹೂ ಕರಟುತ್ತದೆ ಎಂಬಷ್ಟು ಮಾತ್ರ ತಿಳಿದು ಹೋದವನು ನಾನು. ಅಲ್ಲಿ ಹೋಗಿ ಮೊದಲು ಕಲಿತದ್ದು, ಚಳಿ ಬಂತೆಂದರೆ ಹಿಮ ಬಂತೆಂದು ಅರ್ಥವಲ್ಲ ಎಂಬುದನ್ನು.

ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಗೆ ಅಲ್ಲಿ ಚಿಲ್ಲೈ ಕಲಾನ್ ಎನ್ನುತ್ತಾರೆ. ಅದು ಮುಗಿದ ಮೇಲೆ ಇಪ್ಪತ್ತು ದಿನದ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನದ ಚಿಲ್ಲೈ ಬಚ್ಚಾ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದ ಹಾಗೆಯೇ ಅವರಿಗೆ ಚಳಿಯ ಲೆಕ್ಕ. ಆ ನಲವತ್ತು ದಿನಗಳಲ್ಲಿ ಆಕಾಶ ನೀಲಿಯಾಗಿದ್ದರೆ ಹಗಲು ಹಿತವಾದ ಬಿಸಿಲು, ರಾತ್ರಿ ಮಾತ್ರ ಜೆರಿಕ್ಯಾನಿನ ನೀರು ಕಲ್ಲಾಗಿ, ಬುಖಾರಿ ಒಲೆಯ ಪಕ್ಕ ಇಟ್ಟು ಕರಗಿಸಿದ ಮೇಲೆಯೇ ಬೆಳಗಿನ ಚಹಾ. ಊರಿನ ಮುದುಕರು ಫೆರನ್ ಎಂಬ ಉದ್ದ ನಿಲುವಂಗಿಯೊಳಗೆ ಕಾಂಗ್ಡಿ ಎಂಬ ಕೆಂಡದ ಕುಡಿಕೆ ಹಿಡಿದು ಕೂತು ಪಶ್ಚಿಮದ ಕಡೆಗೇ ನೋಡುತ್ತಿದ್ದರು, ಏಕೆಂದರೆ ಅಲ್ಲಿಗೆ ಹಿಮ ತರುವ ಮೋಡ ಮೆಡಿಟರೇನಿಯನ್ ಸಮುದ್ರದ ದಿಕ್ಕಿನಿಂದ ಬರುತ್ತದೆ. ಹವಾಮಾನದವರು ಅದನ್ನು ಪಾಶ್ಚಿಮಾತ್ಯ ಕ್ಷೋಭೆ ಎನ್ನುತ್ತಾರೆ.

ಒಂದು ರಾತ್ರಿ ಕಾವಲಿನಲ್ಲಿದ್ದಾಗ ಇದ್ದಕ್ಕಿದ್ದಂತೆ ಚಳಿ ಸಡಿಲವಾಯಿತು. ಕಿವಿ ಕಡಿಯುವುದು ನಿಂತಿತು, ನಕ್ಷತ್ರಗಳು ಕಾಣದಾದವು. ಚಳಿಗಾಲ ಮುಗಿಯಿತೇ ಎಂದು ನಾನು ಕೇಳಿದ್ದಕ್ಕೆ ಜೊತೆಗಿದ್ದ ಗಡವಾಲಿ ಸೈನಿಕ ನಕ್ಕುಬಿಟ್ಟ. ಎರಡು ಗಂಟೆಯೊಳಗೆ ಹಿಮ ಶುರುವಾಯಿತು. ಮಳೆಗಿರುವ ಸದ್ದು ಅದಕ್ಕಿಲ್ಲ. ಟಾರ್ಚು ಹಾಕಿದಾಗಲೇ ಬೀಳುತ್ತಿರುವುದು ತಿಳಿದದ್ದು.

ಈಚಿನ ಉದಾಹರಣೆ ಬೇಕಾದರೆ, 2024ರ ಡಿಸೆಂಬರ್ 21ರಂದು ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ ದಾಖಲಾಯಿತು. ಡಿಸೆಂಬರಿನಲ್ಲಿ ಅಷ್ಟು ಚಳಿ ಐವತ್ತು ವರ್ಷಗಳಲ್ಲಿ ಆಗಿರಲಿಲ್ಲ. ಆ ದಿನ ಅಲ್ಲಿ ಹಿಮ ಬೀಳಲಿಲ್ಲ. ಮೋಡ ಬಂದು ರಾತ್ರಿಯ ಚಳಿ ಸಡಿಲವಾದ ಮೇಲೆ, 27ರಂದು ಬಿತ್ತು. ಅದೇ 2024ರ ಜನವರಿಯಲ್ಲಿ ಕ್ಷೋಭೆಗಳೇ ಬಾರದೆ ಗುಲ್ಮಾರ್ಗಿನ ಇಳಿಜಾರು ತಿಂಗಳ ಕೊನೆಯವರೆಗೂ ಕಂದು ಬಣ್ಣದಲ್ಲೇ ಉಳಿದಿತ್ತು. 2025ರಲ್ಲಿ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಿದರು. ನಾವು ಫೋಟೊ ತೆಗೆಸಲು ಹಿಮ ಕಾಯುತ್ತೇವೆ. ಅವರು ಕಾಯುವುದು ನೀರಿಗಾಗಿ. ನಮ್ಮ ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡ ಮಳೆಗಾಲದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುರಂಗದ ಮೂಲಕ ಬೇಸಗೆಯಲ್ಲಿ ಕೊಡುವುದಿಲ್ಲವೇ, ಅಲ್ಲಿ ಆ ಕೆಲಸವನ್ನು ಹಿಮ ಮಾಡುತ್ತದೆ. ಚಿಲ್ಲೈ ಕಲಾನಿನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಏಪ್ರಿಲ್ ಮೇ ತಿಂಗಳಲ್ಲಿ ತೊರೆಗಳಿಗೆ ಇಳಿದು ಭತ್ತದ ಗದ್ದೆಗೂ ಸೇಬಿನ ತೋಟಕ್ಕೂ ಒದಗುತ್ತದೆ. ಆದ್ದರಿಂದಲೇ ಮೊದಲ ಹಿಮ ಬಿದ್ದ ದಿನ ಅವರು ಒಬ್ಬರಿಗೊಬ್ಬರು "ಶೀನ್ ಮುಬಾರಕ್" ಎನ್ನುತ್ತಾರೆ. ಶೀನ್ ಎಂದರೆ ಅವರ ಭಾಷೆಯಲ್ಲಿ ಹಿಮ.

ಮಗಳಿಗೆ ಹಿಮ ತೋರಿಸುವ ಆಸೆಯಿದ್ದರೆ ಕಾಶ್ಮೀರಕ್ಕೇ ಕರೆದುಕೊಂಡು ಹೋಗಿ. ಆದರೆ ಡಿಸೆಂಬರ್ ರಜೆಯ ಟಿಕೆಟು ಮಾಡಿದ ಮಾತ್ರಕ್ಕೆ ಹಿಮ ಬೀಳುತ್ತದೆಂದು ಅವಳಿಗೆ ಮಾತು ಕೊಡಬೇಡಿ. ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ತನಕ ಅವಕಾಶ ಹೆಚ್ಚು.

ತಾಳವಾಡಿ ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಹವಾಲ್ದಾರರೇ, ಫೆಬ್ರವರಿಯಲ್ಲಿ ಶಾಲೆ ಬಿಟ್ಟು ಹೊರಡುವುದು ನನ್ನಂಥವನಿಗೆ ಸಾಧ್ಯವಿಲ್ಲ, ಆದರೂ ಲೆಕ್ಕ ಬರೆದಿಟ್ಟುಕೊಂಡಿದ್ದೇನೆ.

ತೋಟದವರು ಹೇಳಿದ್ದನ್ನು ಮಗಳಿಗೆ ವಿವರಿಸಿದಾಗ ಅವಳು ನಂಬಲಿಲ್ಲ. ಪರೀಕ್ಷೆ ಮಾಡೋಣವೆಂದು ಎರಡು ತಟ್ಟೆಗಳನ್ನು ತಂದು, ಒಂದನ್ನು ಬಯಲಿನಲ್ಲೂ ಇನ್ನೊಂದನ್ನು ಅದರ ಪಕ್ಕದಲ್ಲೇ ಮೇಜಿನ ಕೆಳಗೂ ಇಟ್ಟೆವು. ಬೆಳಿಗ್ಗೆ ಬಯಲಿನ ತಟ್ಟೆಯಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಉರೈಪನಿ ಇತ್ತು, ಮೇಜಿನ ಕೆಳಗಿನದು ಒಣಗಿಯೇ ಇತ್ತು. ಮರುದಿನ ಸಂಜೆ ಮೋಡ ಕವಿಯಿತು. ಅಂದು ರಾತ್ರಿ ಕಂಬಳಿ ಒಂದೇ ಸಾಕಾಯಿತು. ಎರಡು ತಟ್ಟೆಗಳಲ್ಲೂ ಏನೂ ಇರಲಿಲ್ಲ. ಮೋಡ ಬಂದದ್ದರಿಂದ ಹಿಮ ಬರಬೇಕಿತ್ತಲ್ಲ ಎಂದು ಅವಳು ಹಟ ಹಿಡಿದಾಗ ದೊಡ್ಡಬೆಟ್ಟದ ಮೇಲೆ ಇನ್ನೊಂದು ದೊಡ್ಡಬೆಟ್ಟವನ್ನು ಹೊತ್ತು ನಿಲ್ಲಿಸಿದರೆ ತುದಿಯಲ್ಲಿ ಸಿಗಬಹುದು ಎಂದೆ. ಎತ್ತರದ ಲೆಕ್ಕವನ್ನು ಕೂಡಿಸಿ ನೋಡಿ ಒಪ್ಪಿಕೊಂಡಳು.

ಭಾಷೆಯ ಒಂದು ವಿಷಯ. ಈ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಮಾತೇ ಇರಬೇಕು. ತಮಿಳಿನಲ್ಲಿ ಇಬ್ಬನಿಯಿಂದ ಹಿಮದವರೆಗೆ ಎಲ್ಲವೂ ಪನಿ. ನಮ್ಮ ಇಬ್ಬನಿಯೊಳಗಿನ "ಬನಿ"ಯೂ ಅದೇ ಪದ. ಕನ್ನಡದಲ್ಲಿ ಮಂಜು ಎಂದರೆ ಮಬ್ಬೂ ಹೌದು, ಹಿಮವೂ ಹೌದು. ಉರೈಪನಿಗೆ ಪಾಠದಲ್ಲಿ ನಾನು ಯಾವ ಪದ ಬಳಸಲಿ?

ಕೋತಗಿರಿ ಚಹಾ ತೋಟ:

"ಹೆಪ್ಪುಗಟ್ಟಿದ ಇಬ್ಬನಿ" ಎಂದು ಕೆಲವರು ಬರೆಯುತ್ತಾರೆ. ಆದರೆ ಅದು ಇಬ್ಬನಿಯಾಗಿ ಆಮೇಲೆ ಹೆಪ್ಪುಗಟ್ಟಿದ್ದಲ್ಲವಾದ್ದರಿಂದ ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಗೊತ್ತಿರುವ ಉರೈಪನಿ ಎಂಬ ಪದವನ್ನೇ ಬಳಸಿ.

ಇವತ್ತು ಮಧ್ಯಾಹ್ನದಿಂದ ಇಲ್ಲಿ ಮೋಡ ಚೆದುರುತ್ತಿದೆ, ಗಾಳಿಯೂ ಬಿದ್ದುಹೋಗಿದೆ. ರಾತ್ರಿ ಸ್ಕೂಟರಿನ ಸೀಟಿಗೆ ಒಂದು ಗೋಣಿಚೀಲ ಹೊದಿಸಿ. ಹಿತ್ತಿಲಿನಲ್ಲಿ ಬೀನ್ಸ್ ಗಿಡವಿದ್ದರೆ ಅದಕ್ಕೂ ಹೊದಿಸಿ, ಬಿಸಿಲು ತಾಗುವ ಮೊದಲು ಎಲೆಗಳ ಮೇಲೆ ನೀರು ಚಿಮುಕಿಸಿ.