ಅರಸೀಕೆರೆ ಕಡೆ 3 ಎಕರೆ ಹುಲ್ಲುಗಾವಲು, 1 ಎಕರೆ ನೀರಾವರಿ: ನಾಲ್ಕು ರಾಸು ಕಟ್ಟಬಹುದಾ?

ಬಯಲುಸೀಮೆ_4ಎಕರೆ (ಪ್ರಶ್ನೆ)

ಅರಸೀಕೆರೆ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಜಮೀನಿದೆ. ಒಂದು ಎಕರೆಗೆ ಕೊಳವೆಬಾವಿ ನೀರು (ಒಂದೂವರೆ ಇಂಚು), ಅದರಲ್ಲಿ ಅರ್ಧ ತೆಂಗು, ಅರ್ಧ ಖಾಲಿ. ಮಿಕ್ಕ ಮೂರು ಎಕರೆ ಕೆಂಪು ಮಣ್ಣಿನ ಖುಷ್ಕಿ. ಉಳುಮೆ ನಿಲ್ಲಿಸಿದ ಮೇಲೆ ಬರೀ ಹುಲ್ಲು ಬೆಳೆದಿದೆ. ಹೊರದೇಶದ ವಿಡಿಯೊಗಳಲ್ಲಿ ಬೇಲಿಯೊಳಗೆ ದನ ಬಿಟ್ಟು ಕೈಬೀಸಿಕೊಂಡು ಓಡಾಡುವ ಹಾಗೆ ಇಲ್ಲೂ ಮೇಯಿಸಿ ಸಾಕಿದರೆ ಹಿಂಡಿ ಖರ್ಚು ಉಳಿಯುತ್ತಾ? ಎಚ್‌ಎಫ್ (ಹೋಲ್‌ಸ್ಟೀನ್ ಸೀಮೆ ಹಸು) ತರಬೇಕಾ, ನಾಟಿ ತರಬೇಕಾ? ಡೇರಿ ಊರಲ್ಲೇ ಇದೆ. ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ಬಿಡುವು ಸಿಗುತ್ತದೆ, ಅಷ್ಟೇ.

ಮೇವಿನ_ಲೆಕ್ಕ

ಆ ವಿಡಿಯೊಗಳಲ್ಲಿರುವುದು ಹೆಚ್ಚಿನವು ಮಾಂಸದ ದನ. ಕರ್ನಾಟಕದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮಗಿರುವುದು ಹಾಲು, ಕಡಸು (ಇನ್ನೂ ಕರು ಹಾಕದ ಹರೆಯದ ಹಸು), ಹೋರಿ, ಗೊಬ್ಬರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಯೋಚಿಸಿ.

ಖುಷ್ಕಿ ಹುಲ್ಲು ವರ್ಷಪೂರ್ತಿ ಒಂದು ದೊಡ್ಡ ರಾಸನ್ನು ಸಾಕಬೇಕಾದರೆ ಎರಡೂವರೆ, ಮೂರು ಎಕರೆ ಬೇಕು. ಅಂದರೆ ನಿಮ್ಮ ಮೂರು ಎಕರೆ ಒಂದು ಹಸುವಿನ ಮೇವು, ನಾಲ್ಕರದ್ದಲ್ಲ. ಅದೂ ಜುಲೈನಿಂದ ಡಿಸೆಂಬರ್‌ವರೆಗೆ ಮಾತ್ರ ಹಸಿರು. ಆಮೇಲೆ ನಿಂತು ಒಣಗಿದ ಕಡ್ಡಿಯಲ್ಲಿ ಹೊಟ್ಟೆ ತುಂಬಬಹುದು, ಹಾಲು ಬರುವುದಿಲ್ಲ. 400 ಕೆ.ಜಿ. ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 12 ಕೆ.ಜಿ. ಒಣ ಅಂಶ (ಮೇವಿನಲ್ಲಿ ನೀರು ಕಳೆದು ಉಳಿಯುವುದು) ಬೇಕು: 25 ಕೆ.ಜಿ. ಹಸಿ ಮೇವು, 4ರಿಂದ 5 ಕೆ.ಜಿ. ರಾಗಿ ಹುಲ್ಲು, ಮೇಲೆ ಹಿಂಡಿ.

ಹಾಗಾಗಿ ಹಾಲು ಬರಬೇಕಾದದ್ದು ನೀರಾವರಿಯ ಆ ಖಾಲಿ ಅರ್ಧ ಎಕರೆಯಿಂದ. ಅಲ್ಲಿ ಸಿಓ-4 ಅಥವಾ ಸಿಓ-5 ತಳಿಯ ನೇಪಿಯರ್ ಮೇವಿನ ಹುಲ್ಲು ಹಾಕಿ. ಎರಡು ಗಿಣ್ಣಿನ ತುಂಡು, ಮೂರು ಅಡಿಗೆ ಎರಡು ಅಡಿ ಅಂತರ, ಅರ್ಧ ಎಕರೆಗೆ ಸುಮಾರು 3,600 ತುಂಡು. ಒಂದು ಗಿಣ್ಣು ಮಣ್ಣಿನೊಳಗೆ, ಒಂದು ಮೇಲೆ. ಮೊದಲ ಕೊಯ್ಲು 70-75 ದಿನಕ್ಕೆ, ಮುಂದೆ 45 ದಿನಕ್ಕೊಮ್ಮೆ. ಎಕರೆಗೆ ವರ್ಷಕ್ಕೆ 150 ಟನ್ ಎಂದು ಕರಪತ್ರದಲ್ಲಿ ಓದಿರುತ್ತೀರಿ. ಬೇಸಿಗೆಯಲ್ಲಿ ಸೋಲುವ ಬೋರ್‌ವೆಲ್ಲಿಗೆ 60-70 ಟನ್ ಎಂದು ಹಿಡಿಯಿರಿ, ಅರ್ಧ ಎಕರೆಗೆ 30-35. ನಾಲ್ಕು ರಾಸಿಗೆ ವರ್ಷಕ್ಕೆ 36 ಟನ್ ಬೇಕು. ಕೊರತೆ ಬೀಳುವುದು ಮಾರ್ಚ್‌ನಿಂದ ಮೇವರೆಗೆ, ಮೇವಿನ ಬೆಲೆ ಏರುವುದೂ ಆಗಲೇ.

ತೆಂಗಿನ ನೆರಳಲ್ಲಿ ನೇಪಿಯರ್ ಸೊರಗುತ್ತದೆ, ಅಲ್ಲಿ ಗಿನಿ ಹುಲ್ಲು ನೆಡಿ. ನೇಪಿಯರ್ ಎಳೆಯದಿರುವಾಗ ಆಕ್ಸಲೇಟ್ ಜಾಸ್ತಿ, ಅದು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತೀರಾ ಎಳೆಯದು ಕೊಯ್ಯಬೇಡಿ, ದಿನಕ್ಕೆ 50 ಗ್ರಾಂ ಲವಣ ಮಿಶ್ರಣ ತಪ್ಪಿಸಬೇಡಿ. ಜೋಳ ಬಿತ್ತಿದರೆ ಹೂ ಬರುವವರೆಗೆ ಹಾಕುವಂತಿಲ್ಲ. ಬಾಡಿದ ಎಳೆ ಜೋಳ ಮತ್ತು ಕೊಯ್ದ ಮೇಲಿನ ಕೂಳೆ ಚಿಗುರಿನಲ್ಲಿ ಸಯನೈಡ್ ವಿಷ ಇರುತ್ತದೆ, ಗಂಟೆಯೊಳಗೆ ಹಸು ಬೀಳಬಹುದು.

ಮೂರು ಎಕರೆಯನ್ನು ಸುಮ್ಮನೆ ಬಿಡಬೇಡಿ. ಮುಂಗಾರಿಗೆ ಮುಂಚೆ ಹಗುರಾಗಿ ಹರಗಿ, ಎಕರೆಗೆ 2 ಕೆ.ಜಿ. ಅಂಜನ್ ಹುಲ್ಲು, 2 ಕೆ.ಜಿ. ಸ್ಟೈಲೊ (ದ್ವಿದಳ ಮೇವು) ಬೀಜ ಮರಳಿನಲ್ಲಿ ಬೆರೆಸಿ ಎರಚಿ. ಸ್ಟೈಲೊ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ 4 ನಿಮಿಷ ಅದ್ದಿ ತೆಗೆದು, ರಾತ್ರಿ ತಣ್ಣೀರಲ್ಲಿ ನೆನೆಸದಿದ್ದರೆ ಅರ್ಧವೂ ಹುಟ್ಟುವುದಿಲ್ಲ. ಬೀಜ ಆಳಕ್ಕೆ ಹೋದರೂ ಹುಟ್ಟುವುದಿಲ್ಲ, ಮುಳ್ಳಿನ ಕೊಂಬೆ ಎಳೆದರೆ ಸಾಕು. ಮೊದಲ ವರ್ಷ ದನ ಬಿಡಬೇಡಿ. ಬೀಜ ಉದುರಿದ ಮೇಲೆ ಕೊಯ್ದು ಹಾಕಿ.

ಕೊಟ್ಟಿಗೆ_ಖರ್ಚು

ಮೇಲಿನವರ ಮಾತಿಗೆ ದುಡ್ಡಿನ ಲೆಕ್ಕ ಸೇರಿಸುತ್ತೇನೆ. ಹಸು ಸರಾಸರಿ 10 ಲೀಟರ್ ಕೊಡುತ್ತದೆ, ಡೇರಿಯಲ್ಲಿ ಲೀಟರಿಗೆ 36 ರೂ. ಸಿಗುತ್ತದೆ ಎಂದಿಟ್ಟುಕೊಳ್ಳಿ: ದಿನಕ್ಕೆ 360. ಹಿಂಡಿ ಮೈಗೆ ಒಂದೂವರೆ ಕೆ.ಜಿ., ಹಾಲಿಗೆ ಪ್ರತಿ ಎರಡೂವರೆ ಲೀಟರಿಗೆ ಒಂದು ಕೆ.ಜಿ., ಒಟ್ಟು ಐದೂವರೆ. ಕೆ.ಜಿ.ಗೆ 26 ರೂ. ಆದರೆ 143. ರಾಗಿ ಹುಲ್ಲು 25, ಲವಣ ಮಿಶ್ರಣ 8, ಔಷಧಿ-ಕರೆಂಟಿಗೆ 15. ಉಳಿಯುವುದು 169. ಕರೆಯುವ 300 ದಿನಕ್ಕೆ 50,700. ಬತ್ತಿದ 90 ದಿನ ದಿನಕ್ಕೆ 80 ರೂ. ತಿಂದರೆ 7,200 ಕಳೆಯಿರಿ. ಹದಿಮೂರು ತಿಂಗಳಿಗೆ ಒಂದು ಹಸುವಿನಿಂದ 43,500. ಇದರಲ್ಲಿ ನಿಮ್ಮ ಕೂಲಿ, ಸಾಲದ ಬಡ್ಡಿ ಎರಡೂ ಇಲ್ಲ. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ, ಅದನ್ನು ನಂಬಿ ಹಿಂಡಿ ಸಾಲ ಮಾಡಬೇಡಿ.

ಹದಿಮೂರು ತಿಂಗಳು ಎಂದೆನಲ್ಲ, ಅಲ್ಲೇ ಎಲ್ಲ ಕೆಡುವುದು. ಬೆದೆ ಒಂದು ಸಲ ತಪ್ಪಿದರೆ 21 ದಿನ ಹೋಯಿತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಬೇಕು. ಎರಡು ಗಂಟೆ ಮಾತ್ರ ಕೊಟ್ಟಿಗೆಯಲ್ಲಿರುವವರಿಗೆ ಬೆದೆ ಕಣ್ಣಿಗೆ ಬೀಳುವುದಿಲ್ಲ, ಅದು ಹೆಚ್ಚಾಗಿ ಕಾಣಿಸುವುದೇ ರಾತ್ರಿ ಮತ್ತು ನಸುಕಿನಲ್ಲಿ.

ಆದ್ದರಿಂದ ನಾಲ್ಕು ಕರೆಯುವ ಹಸು ಬೇಡ. ಎರಡು ಕರೆಯುವ ಹಸು, ಎರಡು ಕಡಸು ಮಾಡಿ. ಎರಡನೇ ಕರುವಿನ ಹಸು ನೋಡಿ. ನಿಮ್ಮ ಎದುರೇ ಒಂದು ಹೊತ್ತು ಪೂರ್ತಿ ಕರೆಸಿ ಕೆಚ್ಚಲು ಬರಿದು ಮಾಡಿಸಿ, ಮುಂದಿನ ಎರಡು ಹೊತ್ತಿನ ಹಾಲು ಅಳೆಯಿರಿ. ನಾಲ್ಕು ಮೊಲೆಯ ಹಾಲನ್ನೂ ಬೇರೆಬೇರೆಯಾಗಿ ಕಪ್ಪು ಬಟ್ಟೆಯ ಮೇಲೆ ಹಿಂಡಿ, ಗರಣೆ (ಕೆಚ್ಚಲು ಬಾವಿನ ಹಾಲಿನ ಗಂಟು) ಕಂಡರೆ ಕೊಳ್ಳದೆ ಹಗ್ಗ ಬಿಟ್ಟು ಬನ್ನಿ.

ಕಡಸಿಗೇ ಮೇಯಿಸುವ ಜಾಗ ಬೇಕಿರುವುದು. ಮಿಶ್ರತಳಿ ಕಡಸು 250 ಕೆ.ಜಿ. ಮುಟ್ಟಿದ ಮೇಲೆ ಸೂಜಿ ಹಾಕಿಸಬೇಕು, ವಯಸ್ಸು ನೋಡಿ ಅಲ್ಲ. ತಕ್ಕಡಿ ಬೇಡ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ಮೂಳೆವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 58 ಇಂಚು ಸುತ್ತಳತೆ, 51 ಇಂಚು ಉದ್ದ ಬಂದರೆ ಸುಮಾರು 260 ಕೆ.ಜಿ.

ಬಯಲುಸೀಮೆ_4ಎಕರೆ

ಸರ್, ತುಂಬಾ ಉಪಕಾರ. ಕಡಸುಗಳನ್ನು ಬಿಡುವುದಾದರೆ ಕಾಯುವವರಿಲ್ಲ. ಸೋಲಾರ್ ಬೇಲಿ ಸಾಕಾ?

ತಂತಿ_ಬೇಲಿ

ಸಾಕು. ದನಕ್ಕೆ ಎರಡು ಎಳೆ, ಒಂದೂವರೆ ಅಡಿ ಮತ್ತು ಮೂರು ಅಡಿ ಎತ್ತರಕ್ಕೆ. ಜನ ಶಾಕ್ ಕೊಡುವ ಪೆಟ್ಟಿಗೆಗೆ ದುಡ್ಡು ಹಾಕಿ ಅರ್ಥಿಂಗ್‌ಗೆ ಕಂಜೂಸುತನ ಮಾಡುತ್ತಾರೆ. ಆರು ಅಡಿಯ ಮೂರು ಜಿಐ ಸರಳು, ಹತ್ತು ಅಡಿಗೊಂದರಂತೆ ಹೊಡೆಯಿರಿ, ಆದಷ್ಟು ನೀರು ಬೀಳುವ ಕಡೆ. ಬೇಸಿಗೆಯಲ್ಲಿ ಕೆಂಪು ಮಣ್ಣು ಒಣಗಿದಾಗ ಶಾಕ್ ಕಮ್ಮಿಯಾಯಿತು ಎಂದು ಪೆಟ್ಟಿಗೆ ರಿಪೇರಿಗೆ ಒಯ್ಯುತ್ತಾರೆ, ಕೆಟ್ಟಿರುವುದು ಅರ್ಥಿಂಗ್. ಕೊನೆಯ ಕಂಬದಲ್ಲಿ 4,000 ವೋಲ್ಟ್ ಸಿಗಬೇಕು. ಮಳೆಗಾಲದಲ್ಲಿ ತಂತಿಗೆ ತಾಗುವ ಹುಲ್ಲು ಸವರದಿದ್ದರೆ ಅದೂ ಸಿಗುವುದಿಲ್ಲ. ಮನೆಯ ಲೈನ್ ಕರೆಂಟನ್ನು ನೇರವಾಗಿ ತಂತಿಗೆ ಕೊಡಬೇಡಿ, ಅದು ಕೊಲೆಯೇ.

ಮೂರು ಎಕರೆಯನ್ನು ಐದು ಭಾಗ ಮಾಡಿ, ಮಳೆಗಾಲದಲ್ಲಿ ಒಂದೊಂದರಲ್ಲಿ ಐದಾರು ದಿನ. ಹುಲ್ಲು ನಾಲ್ಕು ಬೆರಳು ಉಳಿದಾಗ ಮುಂದಕ್ಕೆ ಹೊಡೆಯಿರಿ. ಬುಡ ಕಚ್ಚುವವರೆಗೆ ಬಿಟ್ಟರೆ ಅಂಜನ್ ಸತ್ತು ಪಾರ್ಥೇನಿಯಂ ಏಳುತ್ತದೆ.

ಜೋಡಿ_ಹೋರಿ

ಎಲ್ಲರೂ ಹಾಲಿನ ಹಿಂದೆಯೇ ಹೋದಿರಿ. ಇರುವ ಬಿಡುವಿಗೆ ಹಳ್ಳಿಕಾರ್ ಹೋರಿ ಕರು ಕಟ್ಟುವುದು ಸುಲಭ. ಹಾಲು ಹಲ್ಲಿನ ಒಂದು ಜೋಡಿ ತಂದು, ಹಗಲು ಮೇಯಿಸಿ, ರಾಗಿ ಹುಲ್ಲಿನ ಜೊತೆ ಬೇಯಿಸಿದ ಹುರುಳಿ ಕೊಟ್ಟು, ಹಾಲು ಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದ ಮೇಲೆ ಸಿದ್ಧಗಂಗೆ, ಘಾಟಿ, ಚುಂಚನಕಟ್ಟೆ ಜಾತ್ರೆಗಳಲ್ಲಿ ಮಾರುವುದು ಹಳೆಯ ದಾರಿ. ಬೆಲೆ ಬರುವುದು ಜೋಡಿಗೆ: ಎತ್ತರ, ಬಣ್ಣ, ಕೊಂಬಿನ ತಿರುವು ಹೊಂದಬೇಕು. ಒಂಟಿಯಾಗಿ ಚೆಂದದ ಕರು ತಂದು ಜತೆ ಹುಡುಕುವವರು ಎರಡರಲ್ಲೂ ಕಳೆದುಕೊಳ್ಳುತ್ತಾರೆ. ಕೊಂಡ ರಸೀದಿ, ಪಶುವೈದ್ಯರ ಪ್ರಮಾಣಪತ್ರ ಇಲ್ಲದೆ ಗಾಡಿಗೆ ಹತ್ತಿಸಬೇಡಿ.

ಕೊಟ್ಟಿಗೆ_ಖರ್ಚು

ಒಪ್ಪುತ್ತೇನೆ, ಆದರೆ ಹೋರಿಯ ದುಡ್ಡು ಒಂದೂವರೆ ವರ್ಷಕ್ಕೊಮ್ಮೆ. ತಿಂಗಳ ಖರ್ಚಿಗೆ ಬೇಕೆನ್ನುವವರಿಗೆ ಹೊಂದದು. ಒಂದು ಹಸು, ಒಂದು ಜೋಡಿ ಹೋರಿ ಮಾಡಿದರೂ ಕೆಡುಕಿಲ್ಲ.

ರೋಗದ ಮಾತು ಯಾರೂ ಎತ್ತಲಿಲ್ಲ. ಮೇಯಲು ಬಿಟ್ಟ ಮಿಶ್ರತಳಿಗೆ ದೊಡ್ಡ ಶತ್ರು ಉಣ್ಣೆ. 105 ಡಿಗ್ರಿ ದಾಟಿದ ಜ್ವರ, ಊದಿದ ಗಂಟಲ ಗ್ರಂಥಿ, ಬಿಳಿಚಿದ ಕಣ್ಣು ಕಂಡರೆ ಥೈಲೇರಿಯಾ (ಉಣ್ಣೆಯಿಂದ ಹರಡುವ ರಕ್ತದ ರೋಗ) ಇರಬಹುದು. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ನಾಳೆಗೆ ಬಿಟ್ಟರೆ ಔಷಧಿ ಕೆಲಸ ಮಾಡದೆ ಹೋಗಬಹುದು. ಮೈಗೆ ಉಣ್ಣೆ ಔಷಧಿ ಹಚ್ಚಿ ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ಮೊಟ್ಟೆ ಇರುವುದು ಅಲ್ಲೇ. ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ, ಚಪ್ಪೆ ರೋಗ ಮತ್ತು ಗಳಲೆ ರೋಗದ್ದು ಮುಂಗಾರಿಗೆ ಮೊದಲು, ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಒಮ್ಮೆ. ತುರ್ತಿಗೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಮೇವಿನ_ಲೆಕ್ಕ

ಬೇಸಿಗೆ ಕೊರತೆಗೆ ರಸಮೇವು (ಗಾಳಿಯಾಡದಂತೆ ಗುಂಡಿಯಲ್ಲಿ ಕೂಡಿಟ್ಟ ಹಸಿ ಮೇವು, ಸೈಲೇಜ್) ಮಾಡಿಕೊಳ್ಳಿ. ನಾಲ್ಕು ರಾಸು, ದಿನಕ್ಕೆ 15 ಕೆ.ಜಿ., 120 ದಿನ: 7,200 ಕೆ.ಜಿ. ಘನ ಅಡಿಗೆ 18 ಕೆ.ಜಿ. ಹಿಡಿಯುತ್ತದೆ, ಹಾಗಾಗಿ 10 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳದ ಗುಂಡಿ. ಮೆಕ್ಕೆಜೋಳದ ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಕೊಯ್ದು, ಒಂದಿಂಚಿಗಿಂತ ಸಣ್ಣಗೆ ಕತ್ತರಿಸಿ, ಅರ್ಧರ್ಧ ಅಡಿಗೆ ತುಳಿದು ಗಾಳಿ ತೆಗೆಯಿರಿ. ಕೊಳೆಯುವುದು ಯಾವಾಗಲೂ ಮೂಲೆಗಳಲ್ಲಿ, ಯಾಕೆಂದರೆ ಅಲ್ಲಿ ಯಾರೂ ತುಳಿಯುವುದಿಲ್ಲ. 45 ದಿನ ಬಿಟ್ಟು ತೆರೆಯಿರಿ. ಕಪ್ಪಾಗಿ ಬೂಸ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ, ಗಬ್ಬದ ಹಸುವಿಗಂತೂ ಕೊಡಲೇಬೇಡಿ.