ಲ್ಯಾಬ್ ತರಬೇತಿ ಜಾಲಕ್ಕೆ ಸೇರುವ ಮುಂಚೆ ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:

ನಮ್ಮದು ಮಧ್ಯಮ ಗಾತ್ರದ ಆಸ್ಪತ್ರೆ ಲ್ಯಾಬ್. ಲ್ಯಾಬ್‌ಗಳ ವೃತ್ತಿಪರ ಜಾಲವೊಂದು ಸದಸ್ಯರಾಗಿ ಅಂತ ಕರೆದಿದೆ. ವರ್ಷವಿಡೀ ತರಬೇತಿ ಕೊಡುತ್ತಾರಂತೆ. ಅನುಮಾನದ ಸ್ಯಾಂಪಲ್ ಬಂದರೆ, ಸಾಂಕ್ರಾಮಿಕ ಹಬ್ಬಿದರೆ ತುರ್ತು ನೆರವೂ ಕೊಡುತ್ತಾರಂತೆ. ಕಳಿಸಿರುವ ವಾರ್ಷಿಕ ವರದಿಯಲ್ಲಿ ಎಷ್ಟು ಜನ ಬಂದರು, ಎಷ್ಟು ಜನ ‘ತುಂಬಾ ಉಪಯೋಗವಾಯಿತು’ ಎಂದರು ಅನ್ನೋದು ಬಿಟ್ಟರೆ ಬೇರೇನೂ ಇಲ್ಲ. ಸೇರಬೇಕಾ ಬೇಡವಾ ಅಂತ ಆಡಳಿತಕ್ಕೆ ನಾನು ಒಂದು ಪುಟದ ಅಭಿಪ್ರಾಯ ಕೊಡಬೇಕು. ಇಂಥ ಜಾಲವನ್ನು ಅಳೆಯೋದು ಹೇಗೆ?

ಗುಣಮಟ್ಟ ವಿಭಾಗದವರು:

ಆ ವರದಿ ಸುಳ್ಳೇನೂ ಇರಲಿಕ್ಕಿಲ್ಲ. ಅರ್ಧ ದಾರಿಗೆ ನಿಂತಿದೆ, ಅಷ್ಟೆ. ತರಬೇತಿಯನ್ನು ಅಳೆಯೋಕೆ ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಹಿಡಿಸಿತಾ? ಏನಾದರೂ ಕಲಿತರಾ? ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರಾ? ಅದರಿಂದ ಕೊನೆಗೆ ಏನಾದರೂ ಸುಧಾರಿಸಿತಾ? ಬಹಳಷ್ಟು ಕಡೆ ಮೊದಲನೇ ಮೆಟ್ಟಿಲಲ್ಲೇ ಕುಳಿತುಬಿಡುತ್ತಾರೆ. ಕಾರ್ಯಕ್ರಮ ಮುಗಿಯುವಾಗ ಒಂದು ಫಾರಂ ಹಂಚಿದರೆ ಅದು ಪುಕ್ಕಟೆ ಸಿಗುತ್ತದೆ. ಹೊರಡುವ ಆತುರದಲ್ಲಿ ಯಾರು ತಾನೇ ಐದಕ್ಕೆ ಎರಡು ಕೊಡುತ್ತಾರೆ?

ಎರಡನೇ ಮೆಟ್ಟಿಲಿಗೆ ತರಬೇತಿಗೆ ಮುಂಚೆ ಒಂದು ಪರೀಕ್ಷೆ, ಮುಗಿದ ಮೇಲೆ ಒಂದು ಪರೀಕ್ಷೆ ಇಡುತ್ತಾರೆ. ಎರಡೂ ಒಂದೇ ವಾರದಲ್ಲಿ ಆದರೆ ನೆನಪಿನ ಶಕ್ತಿ ಗೊತ್ತಾಗುತ್ತದೆ, ಕೈಕೆಲಸ ಗೊತ್ತಾಗೋದಿಲ್ಲ. ನೀವು ಕೇಳಬೇಕಾದದ್ದು ಮೂರನೆಯದು. ಮೂರು ತಿಂಗಳು ಬಿಟ್ಟು ಯಾರಾದರೂ ಲ್ಯಾಬ್‌ಗೆ ಬಂದು ನೋಡುತ್ತಾರಾ? ನೋಡಿದರೆ ಏನನ್ನು ನೋಡುತ್ತಾರೆ? ಲ್ಯಾಬ್‌ಗಳ ಗುಣಮಟ್ಟಕ್ಕೆ ಅಂತ ಇರುವ ಅಮೆರಿಕದ ಕ್ಲಿಯಾ ನಿಯಮದಲ್ಲಿ ಸಿಬ್ಬಂದಿಯ ಸಾಮರ್ಥ್ಯ ನೋಡೋಕೆ ಆರು ದಾರಿ ಇವೆ. ಟೆಸ್ಟ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡುವುದು, ಫಲಿತಾಂಶ ಬರೆಯುವ ಮತ್ತು ತಿಳಿಸುವ ರೀತಿ ಗಮನಿಸುವುದು, ಹಳೆಯ ವರ್ಕ್‌ಶೀಟ್ ಮತ್ತು ಕ್ಯೂಸಿ (ಗುಣಮಟ್ಟ ನಿಯಂತ್ರಣ) ದಾಖಲೆ ತೆಗೆದು ನೋಡುವುದು, ಯಂತ್ರದ ನಿರ್ವಹಣೆ ನೋಡುವುದು, ಉತ್ತರ ಗೊತ್ತಿರುವ ಸ್ಯಾಂಪಲ್ ಕೊಟ್ಟು ಮಾಡಿಸುವುದು, ಒಂದು ಸಮಸ್ಯೆ ಕೊಟ್ಟು ಬಿಡಿಸಲು ಹೇಳುವುದು. ಯಾವ ದೇಶದಲ್ಲಿದ್ದರೂ ಈ ಪಟ್ಟಿ ಕೆಲಸಕ್ಕೆ ಬರುತ್ತದೆ. ಜಾಲದವರು ಇದರಲ್ಲಿ ಎರಡು ಮಾಡಿದರೂ ನನ್ನ ಲೆಕ್ಕದಲ್ಲಿ ಪಾಸ್.

ಬ್ಯಾಕ್ಟೀರಿಯಾಲಜಿ ಬೆಂಚಿನಿಂದ:

ಆ ಮೂರನೇ ಮೆಟ್ಟಿಲು ಬೆಂಚಿನ ಮೇಲೆ ಹೇಗೆ ಕಾಣುತ್ತದೆ ಅಂತ ನಾನು ಹೇಳುತ್ತೇನೆ. ಒಂದು ಬ್ಲಡ್ ಕಲ್ಚರ್ ಬಾಟಲಿ (ರೋಗಿಯ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಬಾಟಲಿ) ತಡವಾಗಿ ಪಾಸಿಟಿವ್ ಬರುತ್ತದೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ಮಸುಕು ಗುಲಾಬಿ ಬಣ್ಣದ ತೀರಾ ಸಣ್ಣ ಚುಕ್ಕಿಗಳು, ನುಣ್ಣನೆ ಮರಳು ಚೆಲ್ಲಿದ ಹಾಗೆ. ರೋಗಾಣು ಬೆಳೆಸುವ ಬ್ಲಡ್ ಅಗಾರ್ ಪ್ಲೇಟ್ ಮೇಲೆ ಮೊದಲ ದಿನ ಏನೂ ಇಲ್ಲ ಅನ್ನಬಹುದು. ಎರಡನೇ ದಿನ ಸೂಜಿಮೊನೆಯಷ್ಟು ಕಾಲೊನಿ. ಮ್ಯಾಕ್‌ಕಾಂಕಿ ಅನ್ನುವ ಇನ್ನೊಂದು ಬಗೆಯ ಪ್ಲೇಟ್‌ನಲ್ಲಿ ಸಾಮಾನ್ಯವಾಗಿ ಬೆಳೆಯೋದಿಲ್ಲ. ಲ್ಯಾಬ್‌ನವರಿಗೂ ಸುಲಭವಾಗಿ ತಗುಲುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಇರಬಹುದು ಅಂತ ಅನುಮಾನ ಬರಬೇಕಾದ ಜಾಗ ಇದು.

ತರಬೇತಿ ಇಲ್ಲದವರು ಇಲ್ಲಿ ಏನು ಮಾಡುತ್ತಾರೆ? ಪ್ಲೇಟ್ ತೆರೆದು ಮೂಗಿನ ಹತ್ತಿರ ತರುತ್ತಾರೆ. ತೆರೆದ ಬೆಂಚಿನ ಮೇಲೇ ಕ್ಯಾಟಲೇಸ್ ಟೆಸ್ಟ್ ಮಾಡುತ್ತಾರೆ, ಗುಳ್ಳೆ ಒಡೆದು ಕಣಗಳು ಗಾಳಿಗೆ ಹಾರುತ್ತವೆ. ಆಮೇಲೆ ರೋಗಾಣು ಗುರುತಿಸುವ ಆಟೊಮೇಟೆಡ್ ಯಂತ್ರಕ್ಕೆ ಹಾಕುತ್ತಾರೆ. ಅದು ಓಕ್ರೊಬ್ಯಾಕ್ಟ್ರಮ್ (ಬ್ರುಸೆಲ್ಲಾದ ಹತ್ತಿರದ, ಅಷ್ಟು ಅಪಾಯವಿಲ್ಲದ ಸಂಬಂಧಿ) ಅನ್ನಬಹುದು, ಎಲ್ಲರೂ ನಿರಾಳ. ಇತ್ತೀಚೆಗೆ ಕೆಲವು ಪಟ್ಟಿಗಳಲ್ಲಿ ಅದನ್ನೂ ಬ್ರುಸೆಲ್ಲಾ ಕುಲಕ್ಕೇ ಸೇರಿಸಿದ್ದಾರೆ, ಗೊಂದಲ ಇನ್ನೂ ಜಾಸ್ತಿ. ತರಬೇತಿ ಆದವರು ಗ್ರಾಮ್ ಸ್ಟೇನ್ ನೋಡಿದ ಕೂಡಲೇ ನಿಲ್ಲುತ್ತಾರೆ. ಪ್ಲೇಟ್‌ಗೆ ಟೇಪ್ ಸುತ್ತಿ, ಕಣಗಳು ಹೊರಗೆ ಬರದಂತೆ ತಡೆಯುವ ಬಯೋಸೇಫ್ಟಿ ಕ್ಯಾಬಿನೆಟ್‌ಗೆ ಒಯ್ಯುತ್ತಾರೆ. ಆಕ್ಸಿಡೇಸ್, ಕ್ಯಾಟಲೇಸ್, ಯೂರಿಯೇಸ್, ಇಷ್ಟನ್ನು ಒಳಗೇ ಮಾಡುತ್ತಾರೆ. ಬ್ರುಸೆಲ್ಲಾ ಅಲ್ಲ ಅಂತ ಖಚಿತ ಆಗದಿದ್ದರೆ, ಇಂಥದ್ದನ್ನು ಅಂತಿಮವಾಗಿ ಗುರುತಿಸುವ ರೆಫರೆನ್ಸ್ ಲ್ಯಾಬ್‌ಗೆ ಫೋನ್. ಈ ವ್ಯತ್ಯಾಸದ ಬೆಲೆ ಸಣ್ಣದಲ್ಲ. ಹೆಚ್ಚಿನ ಅಪಾಯದಲ್ಲಿ ಸೋಂಕಿಗೆ ಒಡ್ಡಿಕೊಂಡವರಿಗೆ ಮೂರು ವಾರ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ನುಂಗಿಸಬೇಕು. 24 ವಾರದವರೆಗೆ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ನಮ್ಮಲ್ಲಿ ಒಬ್ಬರು ಜಾಲದ ತರಬೇತಿಗೆ ಹೋಗಿ ಬಂದ ಮೇಲೆ ಬೆಂಚಿನ ಮುಂದೆ ಒಂದು ಹಾಳೆ ಅಂಟಿತು. ಮೇಲೆ ಹೇಳಿದ್ದೇ ಎರಡು ಸಾಲಲ್ಲಿ, ಕೆಳಗೆ ‘ಹೀಗೆ ಕಂಡರೆ ಇಲ್ಲಿಗೇ ನಿಲ್ಲಿಸಿ’, ಒಂದು ಫೋನ್ ನಂಬರ್. ತರಬೇತಿಗೆ ಹೋಗದವರೂ ಈಗ ಅದನ್ನೇ ನೋಡಿ ಕೆಲಸ ಮಾಡುತ್ತಾರೆ. ಹಾಗಾಗಿ ಬೇರೆ ಸದಸ್ಯ ಲ್ಯಾಬ್‌ಗೆ ಒಮ್ಮೆ ಹೋಗಿ ಬೆಂಚಿನ ಹತ್ತಿರ ನಿಂತುಕೊಳ್ಳಿ. ಸರ್ಟಿಫಿಕೇಟ್ ಫೈಲ್ ಕೇಳಬೇಡಿ, ಇಂಥ ಹಾಳೆ ಎಲ್ಲಾದರೂ ಇದೆಯಾ ನೋಡಿ.

ತುರ್ತು ಸಿದ್ಧತೆ ನೋಡಿಕೊಳ್ಳುವವರು:

ನನ್ನ ಕಡೆಯಿಂದ ಒಂದೇ ಸಲಹೆ: ಅವರ ತುರ್ತು ನಂಬರ್‌ಗೆ ರಜೆಯ ದಿನ ರಾತ್ರಿ ಫೋನ್ ಮಾಡಿ. ಮೊದಲೇ ಹೇಳಬೇಡಿ. ಎತ್ತಿದವರು ಯಾರು, ಸೂಕ್ಷ್ಮಜೀವಿ ಬಗ್ಗೆ ಗೊತ್ತಿರುವವರು ಲೈನಿಗೆ ಬರಲು ಎಷ್ಟು ಹೊತ್ತಾಯಿತು, ಅವರು ನಿಮಗೆ ಏನು ಮಾಡಲು ಹೇಳಿದರು, ಬರೆದುಕೊಳ್ಳಿ. ಇದು ಅಭ್ಯಾಸದ ಕರೆ ಅಂತ ಎತ್ತಿದ ಕೂಡಲೇ ಹೇಳಿ, ಸುಮ್ನೆ ಗಾಬರಿ ಬೇಡ. ಒಳ್ಳೆಯ ಜಾಲದವರು ಇದಕ್ಕೆ ಕೋಪ ಮಾಡಿಕೊಳ್ಳೋದಿಲ್ಲ, ಅವರೇ ಇಂಥ ಕರೆ ಮಾಡುತ್ತಿರುತ್ತಾರೆ.

ಆಮೇಲೆ ಅಣಕು ಅಭ್ಯಾಸಗಳ ಬಗ್ಗೆ ಕೇಳಿ. ಇದರಲ್ಲಿ ಹಂತಗಳಿವೆ. ಟೇಬಲ್‌ಟಾಪ್ ಅಂದರೆ ಕುಳಿತು ಮಾತಾಡುವುದು. ಡ್ರಿಲ್ ಅಂದರೆ ಒಂದೇ ಕೆಲಸವನ್ನು ನಿಜವಾಗಿ ಮಾಡಿ ನೋಡುವುದು. ಫಂಕ್ಷನಲ್ ಎಂದರೆ ಸಂಪರ್ಕ, ನಿರ್ಧಾರ ಎಲ್ಲ ನಿಜದ ವೇಗದಲ್ಲಿ, ಆದರೆ ಸ್ಯಾಂಪಲ್ ಓಡಾಡುವುದಿಲ್ಲ. ಪೂರ್ಣ ಪ್ರಮಾಣದ್ದರಲ್ಲಿ ಜನ, ಗಾಡಿ, ಡಬ್ಬಿ ಎಲ್ಲವೂ ಓಡಾಡುತ್ತವೆ. ವರ್ಷಗಟ್ಟಲೆ ಬರೀ ಟೇಬಲ್‌ಟಾಪ್ ಮಾಡಿಕೊಂಡು ಬಂದಿರುವ ಜಾಲಗಳನ್ನು ಕಂಡಿದ್ದೇನೆ. ಮಾತಲ್ಲಿ ಎಲ್ಲ ಸ್ಯಾಂಪಲ್ಲೂ ಸಮಯಕ್ಕೆ ಸರಿಯಾಗಿ ತಲುಪುತ್ತದೆ, ಅಲ್ವಾ? ಅಭ್ಯಾಸದ ನಂತರದ ವರದಿ ಕೇಳಿ. ಅದರಲ್ಲಿ ಬರೀ ಹೊಗಳಿಕೆ ಇದ್ದರೆ ಅನುಮಾನಪಡಿ. ‘ಇದು ಕೈಕೊಟ್ಟಿತು, ಇಂಥವರು ಇಷ್ಟರೊಳಗೆ ಸರಿ ಮಾಡಬೇಕು’ ಅಂತ ಇದ್ದರೆ, ಅದರಲ್ಲಿ ಎಷ್ಟು ಸರಿಯಾಗಿದೆ ಅಂತ ಮುಂದಿನ ಪ್ರಶ್ನೆ ಕೇಳಿ.

ಇನ್ನೊಂದು, ತುರ್ತು ಅಂದರೆ ಬರೀ ಗುರುತು ಹಿಡಿಯುವುದಲ್ಲ, ಸ್ಯಾಂಪಲ್‌ಗಳ ನೂಕುನುಗ್ಗಲು ತಾಳಿಕೊಳ್ಳುವುದೂ ಹೌದು. ಅಮೆರಿಕದಲ್ಲಿ ಇಂಥ ತುರ್ತಿಗೆ ಅಂತಲೇ ಇರುವ ಲ್ಯಾಬ್ ಜಾಲ, ಲ್ಯಾಬೊರೇಟರಿ ರೆಸ್ಪಾನ್ಸ್ ನೆಟ್‌ವರ್ಕ್, ಶುರುವಾಗಿದ್ದು 1999ರಲ್ಲಿ. 2001ರಲ್ಲಿ ಅಲ್ಲಿ ಯಾರೋ ಆಂಥ್ರಾಕ್ಸ್ ರೋಗಾಣುವಿನ ಪುಡಿಯನ್ನು ಅಂಚೆಯಲ್ಲಿ ಕಳಿಸಿದ್ದರು. ಅಕ್ಟೋಬರ್‌ನಲ್ಲಿ ಫ್ಲೋರಿಡಾದ ಮೊದಲ ರೋಗಿಯ ಸ್ಯಾಂಪಲ್ ಜ್ಯಾಕ್ಸನ್‌ವಿಲ್‌ನ ರಾಜ್ಯ ಲ್ಯಾಬ್‌ಗೆ ಹೋಯಿತು. ಅಲ್ಲಿನವರಿಗೆ ಮೊದಲೇ ತರಬೇತಿ ಆಗಿತ್ತು, ಬೇಗ ಪತ್ತೆಯಾಯಿತು. ಅಲ್ಲಿಗೆ ಕಥೆ ಮುಗಿಯಲಿಲ್ಲ. ಒಟ್ಟು ಕಾಯಿಲೆ ಬಿದ್ದವರು 22 ಜನ, ಸತ್ತವರು 5 ಜನ. ಆದರೆ ತನಿಖೆ ಮುಗಿಯುವಷ್ಟರಲ್ಲಿ ಆ ಜಾಲದ ಲ್ಯಾಬ್‌ಗಳು 1,25,000ಕ್ಕೂ ಹೆಚ್ಚು ಸ್ಯಾಂಪಲ್ ನೋಡಬೇಕಾಯಿತು. ಎಲ್ಲಿ ಬಿಳಿ ಪುಡಿ ಕಂಡರೂ ಲ್ಯಾಬ್‌ಗೆ ಬರುತ್ತಿತ್ತು. ನಿಮ್ಮ ಜಾಲದವರನ್ನು ಕೇಳಿ: ಒಂದು ಲ್ಯಾಬ್ ತುಂಬಿ ತುಳುಕಿದರೆ ಮುಂದಿನ ಸ್ಯಾಂಪಲ್ ಎಲ್ಲಿಗೆ? ಆ ಲ್ಯಾಬ್ ಜೊತೆ ಬರೆದ ಒಪ್ಪಂದ ಇದೆಯಾ, ಬಾಯಿಮಾತಾ?

ಸಣ್ಣ ಲ್ಯಾಬ್ ಉಸ್ತುವಾರಿ:

ದೊಡ್ಡ ಲ್ಯಾಬ್‌ನವರ ಮಾತು ಕೇಳಿ ಆಯಿತು, ನಮ್ಮದೂ ಕೇಳಿ. ಇರೋದೇ ಬೆರಳೆಣಿಕೆಯ ಜನ. ಒಬ್ಬರನ್ನು ವಾರ ಪೂರ್ತಿ ತರಬೇತಿಗೆ ಕಳಿಸಿದರೆ ಉಳಿದವರ ಬೆನ್ನು ಮುರಿಯುತ್ತದೆ. ಜಾಲದ ಶುಲ್ಕವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಈ ಖರ್ಚನ್ನು ಯಾರೂ ಬರೆಯೋದಿಲ್ಲ. ನಿಮ್ಮ ಒಂದು ಪುಟದಲ್ಲಿ ಇದಕ್ಕೊಂದು ಸಾಲು ಇರಲಿ.

ರಾತ್ರಿ ಪಾಳಿಯವರಿಗೆ ಏನು ಸಿಗುತ್ತದೆ ಅಂತಲೂ ನೋಡಿ. ತರಬೇತಿಗೆ ಯಾವಾಗಲೂ ಅದೇ ಹಗಲು ಪಾಳಿಯ ಹಿರಿಯರು ಹೋಗುತ್ತಾರೆ. ಅನುಮಾನದ ಬಾಟಲಿ ರಾತ್ರಿ ಪಾಸಿಟಿವ್ ಆದಾಗ ಬೆಂಚಿನ ಮುಂದೆ ಇರುವವರು ಹೊಸಬರು. ಅಷ್ಟು ಹೊತ್ತಿಗೆ ಹೋಗಿ ಬಂದವರೂ ಕೆಲಸ ಬಿಟ್ಟಿರುತ್ತಾರೆ. ಹಾಗಾಗಿ ಬಂದ ಜನರ ಸಂಖ್ಯೆಗಿಂತ, ಕಳೆದ ಎರಡು ವರ್ಷ ತರಬೇತಿ ಪಡೆದವರಲ್ಲಿ ಈಗಲೂ ಅದೇ ಬೆಂಚಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿ. ನಾನು ಕೇಳಿದಾಗ ಒಂದು ಜಾಲದವರ ಹತ್ತಿರ ಆ ಲೆಕ್ಕವೇ ಇರಲಿಲ್ಲ.

ಯಂತ್ರದ ವಿಷಯವೂ ಅಷ್ಟೇ. ನಮ್ಮ ಹತ್ತಿರ ಇಲ್ಲದ ಪಿಸಿಆರ್ ಯಂತ್ರದ ಮೇಲೆ ಕಲಿಸಿ ಕಳಿಸಿದರು. ಹುಡುಗಿ ಖುಷಿಯಾಗಿ ಬಂದಳು, ಫಾರಂನಲ್ಲಿ ಐದಕ್ಕೆ ಐದು ಕೊಟ್ಟಿದ್ದಳು. ಮಾರನೇ ದಿನ ಅದೇ ಹಳೇ ಕೆಲಸ.

ಸ್ಯಾಂಪಲ್ ಸಾಗಣೆಯವರು:

ಚಿಕ್ಕದಾಗಿ ಹೇಳುತ್ತೇನೆ. ಪ್ಯಾಕಿಂಗ್ ಕಲಿಸುತ್ತಾರಾ? ಮೇಲಿನ ಬ್ರುಸೆಲ್ಲಾ ಉದಾಹರಣೆಯನ್ನೇ ತೆಗೆದುಕೊಳ್ಳಿ. ರೋಗಿಯ ರಕ್ತ ಸಾಮಾನ್ಯವಾಗಿ ಕಡಿಮೆ ಅಪಾಯದ ಬಿ ವರ್ಗ, ಯುಎನ್ 3373 (ಅಪಾಯದ ಸರಕಿಗೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ) ಅಂತ ಹೋಗುತ್ತದೆ. ಅದೇ ರೋಗಿಯ ಕಲ್ಚರ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸಿದ ರೋಗಾಣು, ಹೆಚ್ಚು ಅಪಾಯದ ಎ ವರ್ಗ, ಯುಎನ್ 2814. ಡಬ್ಬಿ ಬೇರೆ, ಕಾಗದ ಬೇರೆ. ಎರಡರಲ್ಲೂ ಮೂರು ಪದರದ ಪ್ಯಾಕಿಂಗ್ ಬೇಕೇ ಬೇಕು. ವಿಮಾನದಲ್ಲಿ ಕಳಿಸುವವರು 24 ತಿಂಗಳಿಗೊಮ್ಮೆ ತರಬೇತಿ ನವೀಕರಿಸಬೇಕು. ತುರ್ತಿನಲ್ಲಿ ಡಬ್ಬಿ ವಾಪಸ್ ಬಂದರೆ ಉಳಿದ ಸಿದ್ಧತೆಯೆಲ್ಲ ನೀರುಪಾಲು. ಖಾಲಿ ಡಬ್ಬಿ ಯಾರ ಹತ್ತಿರ ಎಷ್ಟು ಇದೆ ಅನ್ನೋದನ್ನೂ ಕೇಳಿ.

ರೆಫರೆನ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡುವವರು:

ಜಾಲದವರು ‘ನಮ್ಮ ಸದಸ್ಯರ ಇಕ್ಯುಎ ಅಂಕ ಏರಿದೆ’ ಅಂತ ಗ್ರಾಫ್ ತೋರಿಸುತ್ತಾರೆ. ಇಕ್ಯುಎ ಅಂದರೆ ಹೊರಗಿನವರು ಸ್ಯಾಂಪಲ್ ಕಳಿಸಿ ಲ್ಯಾಬ್‌ನ ಗುಣಮಟ್ಟ ಅಳೆಯುವುದು. ಹುಷಾರು. ಹೊಸ ಯಂತ್ರ ಬಂದಿದ್ದರೂ ಅಂಕ ಏರುತ್ತದೆ. ಮೊದಲೇ ಚೆನ್ನಾಗಿದ್ದ ಲ್ಯಾಬ್‌ಗಳೇ ಸೇರಿಕೊಂಡಿರಬಹುದು, ಸೋತವರು ಮಧ್ಯೆ ಬಿಟ್ಟುಹೋಗಿರಬಹುದು. ಬಿಟ್ಟುಹೋದ ಒಂದಿಬ್ಬರ ಹತ್ತಿರ ಮಾತಾಡಿ. ಯಾವ ವರದಿಯಲ್ಲೂ ಸಿಗದ ವಿಷಯ ಅಲ್ಲಿ ಸಿಗುತ್ತದೆ.

ನನಗೆ ಜಾಲದ ನಿಜವಾದ ಪರೀಕ್ಷೆ ಅನಿಸಿದ್ದು 2005ರ ಘಟನೆ. ಲ್ಯಾಬ್‌ಗಳ ಪ್ರಾವೀಣ್ಯ ಪರೀಕ್ಷೆಗೆ ಅಂತ ಹಂಚಿದ ಕಿಟ್‌ಗಳಲ್ಲಿ ಎಚ್2ಎನ್2 ಇನ್‌ಫ್ಲುಯೆಂಜಾ ಇತ್ತು. 1957ರಲ್ಲಿ ಜಗತ್ತಿಗೆಲ್ಲ ಹಬ್ಬಿದ ವೈರಸ್ ಅದು. 1968ರ ಹೊತ್ತಿಗೆ ಜನರಲ್ಲಿ ಓಡಾಡುವುದು ನಿಂತಿತ್ತು. ಆಮೇಲೆ ಹುಟ್ಟಿದವರಿಗೆ ಅದರ ವಿರುದ್ಧ ರಕ್ಷಣೆ ಇಲ್ಲ. ಕಿಟ್ ಹೋಗಿದ್ದು 18 ದೇಶಗಳ ಸುಮಾರು ನಾಲ್ಕು ಸಾವಿರ ಲ್ಯಾಬ್‌ಗಳಿಗೆ. ಕೆನಡಾದ ವಿನಿಪೆಗ್ ಲ್ಯಾಬ್‌ನವರು ಗುರುತಿಸಿದ ಮೇಲೆ ಎಲ್ಲರಿಗೂ ‘ಕೂಡಲೇ ನಾಶ ಮಾಡಿ, ಮಾಡಿದ್ದೇವೆ ಅಂತ ತಿಳಿಸಿ’ ಎಂದು ಹೇಳಬೇಕಾಯಿತು. ಯಾರಿಗೂ ಸೋಂಕು ತಗುಲಿದ ವರದಿ ಬರಲಿಲ್ಲ. ಆದರೆ ಆ ಕೆಲಸ ಯೋಚಿಸಿ ನೋಡಿ. ಯಾವ ಡಬ್ಬಿ ಯಾವ ಲ್ಯಾಬ್‌ಗೆ ಹೋಯಿತು, ಅಲ್ಲಿ ಈಗ ಯಾರಿಗೆ ಹೇಳಬೇಕು? ನಿಮ್ಮ ಜಾಲದ ಸಂಪರ್ಕ ಪಟ್ಟಿ ಕೊನೆಯ ಸಲ ತಿದ್ದಿದ್ದು ಯಾವಾಗ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನರ್ಧ, ಮಾತು ಕೆಳಗಿನಿಂದ ಮೇಲಕ್ಕೂ ಹೋಗುತ್ತದಾ ಅನ್ನೋದು. 2020ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕಳಿಸಿದ ಕೋವಿಡ್ ಕಿಟ್‌ನ ಒಂದು ಭಾಗ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಹಿಡಿದವರು ಕಿಟ್ ಪಡೆದ ಲ್ಯಾಬ್‌ಗಳವರು, ರೋಗಿಗಳ ಸ್ಯಾಂಪಲ್ ಹಾಕುವ ಮುಂಚೆ ಮಾಡಬೇಕಾದ ಪರಿಶೀಲನೆಯಲ್ಲಿ. ಹಾಗಾಗಿ ನಾನು ಯಾವ ಜಾಲವನ್ನಾದರೂ ಕೇಳುವ ಪ್ರಶ್ನೆ ಇದು: ಸದಸ್ಯರು ಕೊನೆಯ ಸಲ ನಿಮ್ಮ ತಪ್ಪು ತೋರಿಸಿದ್ದು ಯಾವಾಗ, ಆಮೇಲೆ ನೀವೇನು ಮಾಡಿದಿರಿ? ‘ಅಂಥದ್ದೇನೂ ಆಗಿಲ್ಲ’ ಅಂದರೆ ನನಗೆ ಭಯ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಒಂದು ತೊಂದರೆ. ನಮ್ಮ ಆಡಳಿತದವರಿಗೆ ಇಷ್ಟೆಲ್ಲ ಓದಲು ಪುರುಸೊತ್ತಿಲ್ಲ, ಒಂದೇ ಒಂದು ಅಂಕಿ ಕೊಡಿ ಅನ್ನುತ್ತಾರೆ. ಯಾವುದನ್ನು ಕೊಡಲಿ?

ತುರ್ತು ಸಿದ್ಧತೆ ನೋಡಿಕೊಳ್ಳುವವರು:

ಅನುಮಾನ ಬಂದ ಕ್ಷಣದಿಂದ ಸರಿಯಾದ ವ್ಯಕ್ತಿ ಜೊತೆ ಮಾತಾಡುವವರೆಗೆ ಎಷ್ಟು ನಿಮಿಷ. ರಾತ್ರಿ ಪಾಳಿಯಲ್ಲಿ ಅಳೆದದ್ದು.

ಗುಣಮಟ್ಟ ವಿಭಾಗದವರು:

ಒಂದೇ ಅಂಕಿ ಅಂದರೆ ಜಾಲದವರು ಅದನ್ನೊಂದೇ ಚೆಂದ ಮಾಡಿಕೊಳ್ಳುತ್ತಾರೆ. ಫೋನ್ ಎತ್ತಲು ಒಬ್ಬರನ್ನು ಕೂರಿಸಿ ತರಬೇತಿ ಮರೆತುಬಿಡುತ್ತಾರೆ. ಎರಡು ಕೊಡಿ: ಆ ನಿಮಿಷಗಳು, ಮತ್ತು ತರಬೇತಿಗೆ ಹೋಗದವರಿಗೆ, ಏನಿದೆ ಅಂತ ಹೇಳದೆ ಒಂದು ಸ್ಯಾಂಪಲ್ ಕೊಟ್ಟಾಗ ಸರಿಯಾದ ಜಾಗದಲ್ಲಿ ನಿಲ್ಲಿಸಿದವರು ಎಷ್ಟು ಅನ್ನೋದು. ಇದಕ್ಕೆ ನಿಜವಾದ ರೋಗಾಣು ಬೇಡ, ಅಪಾಯವಿಲ್ಲದ ಹೋಲುವ ತಳಿ ಸಾಕು. ಎರಡನ್ನೂ ಸೇರುವ ಮುಂಚೆ ಒಮ್ಮೆ ನೀವೇ ಅಳೆದಿಟ್ಟುಕೊಳ್ಳಿ, ಜಾಲದವರ ಕೈಗೆ ಕೊಡಬೇಡಿ. ಮೊದಲ ಸದಸ್ಯತ್ವ ಒಂದೇ ವರ್ಷಕ್ಕೆ ಇರಲಿ. ವರ್ಷ ಮುಗಿಯುವ ಮುಂಚೆ ಮತ್ತೆ ಅಳೆದು, ಅದನ್ನು ನೋಡಿ ನವೀಕರಿಸುತ್ತೇವೆ ಅಂತ ಒಪ್ಪಂದದಲ್ಲೇ ಬರೆಸಿ.