ಕೊಡಗಿನ ಮಳೆಯಲ್ಲಿ ಸ್ಪೋರ್ಟ್ಸ್ ಕಾರ್ ಸಾಕಬಹುದಾ? ಮೆಕ್ಯಾನಿಕ್ ಜೊತೆ ನಮ್ಮ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ (ನಾಪೋಕ್ಲು ಕಡೆಯ ಸದಸ್ಯರು): ಸರ್, ನಮ್ಮದು ಕಾಫಿ ತೋಟ. ಒಂದು ಸ್ಪೋರ್ಟ್ಸ್ ಕಾರ್ ತಗೊಳ್ಳಬೇಕು ಅಂತ ಬಹಳ ದಿನದ ಆಸೆ. ಕೊಚ್ಚಿಯಲ್ಲಿ 2018ರ ಪೋರ್ಷೆ 718 ಬಾಕ್ಸ್‌ಸ್ಟರ್ ಒಂದು ನೋಡಿದ್ದೇನೆ. ಬಟ್ಟೆಯ ಟಾಪ್ ಮಡಚುವ ಗಾಡಿ, ಪಿಡಿಕೆ (ಪೋರ್ಷೆಯ ಆಟೊಮ್ಯಾಟಿಕ್) ಗೇರ್‌ಬಾಕ್ಸ್, ಓಡಿರುವುದು ಕಮ್ಮಿ. ಮನೆಯಲ್ಲಿ ಜೀಪ್ ಇದೆ, ಹಾಗಾಗಿ ಇದು ದಿನಾ ಓಡಿಸುವ ಗಾಡಿಯಲ್ಲ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಕಲ್ವಾ?

ಉತ್ತರ (ಕುಶಾಲನಗರದ ಮೆಕ್ಯಾನಿಕ್, ಮೊದಲು ಬೆಂಗಳೂರಿನಲ್ಲಿ ಜರ್ಮನ್ ಕಾರುಗಳ ಕೆಲಸ): ಸಾಲದು. ಆ 'ವಾರಕ್ಕೊಮ್ಮೆ ಸ್ಟಾರ್ಟ್' ಇದೆಯಲ್ಲ, ಅದರಿಂದಲೇ ಗಾಡಿ ಹಾಳಾಗುತ್ತದೆ. ಇಂಜಿನ್ ಶುರುವಾದಾಗ ಒಳಗೆ ನೀರಿನ ಆವಿ ಆಗುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಮಾತ್ರ ಅದು ಹೊರಗೆ ಹೋಗುತ್ತದೆ. ಹತ್ತು ನಿಮಿಷ ಐಡಲ್‌ನಲ್ಲಿ ಇಟ್ಟು ಆಫ್ ಮಾಡಿದರೆ ನೀರು ಆಯಿಲ್‌ನಲ್ಲೇ ಉಳಿಯುತ್ತದೆ, ಸೈಲೆನ್ಸರ್ ಒಳಗೂ ನಿಲ್ಲುತ್ತದೆ. ಬ್ಯಾಟರಿಯಿಂದ ತೆಗೆದಷ್ಟು ಚಾರ್ಜ್ ವಾಪಸ್ ತುಂಬುವುದೂ ಇಲ್ಲ. ಒಂದೋ ಮಳೆ ಬಿಟ್ಟ ದಿನ ಅರ್ಧ ಮುಕ್ಕಾಲು ಗಂಟೆ ಸರಿಯಾಗಿ ಓಡಿಸಿ, ಇಲ್ಲವೇ ಮುಟ್ಟಲೇಬೇಡಿ. ಓಡಿಸುವಾಗ ಕೂಲೆಂಟ್ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂತು ಅಂತ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಬೆಂಗಳೂರಿನಲ್ಲಿ ಈ ಗಾಡಿಗಳು ಓಡಿ ಸವೆಯುತ್ತವೆ. ಕೊಡಗಿನಲ್ಲಿ ನಿಂತು ಹಾಳಾಗುತ್ತವೆ. ನಾನು ಹೇಳುವುದೆಲ್ಲ ಇದರ ಸುತ್ತಲೇ ಬರುತ್ತದೆ.

ಮೊದಲು ಟಾಪ್ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇದೇ ಗಾಡಿ ಗಟ್ಟಿ ಟಾಪ್‌ನಲ್ಲಿ ಕೇಮನ್ ಅಂತ ಬರುತ್ತದೆ. ನಾಪೋಕ್ಲು ಮಳೆಗೆ ಅದೇ ವಾಸಿ. ಬಾಕ್ಸ್‌ಸ್ಟರ್ ಟಾಪ್ ಮೇಲೆ ಬಿದ್ದ ನೀರು ಸೀಟಿನ ಹಿಂದೆ, ಎರಡೂ ಪಕ್ಕದ ಡ್ರೈನ್ ತೂತುಗಳಿಂದ ಕೆಳಗೆ ಹೋಗಬೇಕು. ಟಾಪ್ ಅರ್ಧ ತೆರೆದು ನಿಲ್ಲಿಸಿ, ಟಾರ್ಚ್ ಹಾಕಿ ನೋಡಿ. ತೋಟದಲ್ಲಿ ನಿಲ್ಲುವ ಗಾಡಿಯಾದರೆ ಅಲ್ಲಿ ಸಿಲ್ವರ್ ಓಕ್ ಎಲೆಯ ಚೂರು, ಮಣ್ಣು, ಪಾಚಿ ಸೇರಿ ಕಪ್ಪು ಗಸಿ ಕಟ್ಟಿರುತ್ತದೆ. ತೂತು ಕಟ್ಟಿದರೆ ನೀರು ಕಾರ್ಪೆಟ್ ಅಡಿಗೆ ಇಳಿಯುತ್ತದೆ, ಅಲ್ಲಿ ವೈರಿಂಗ್ ಇದೆ. ಮೇ ಕೊನೆಯಲ್ಲಿ ಒಮ್ಮೆ, ಮಳೆಯ ನಡುವೆ ಒಮ್ಮೆ ಮೆದು ನೈಲಾನ್ ದಾರ ಬಿಟ್ಟು ಬಿಡಿಸಿ. ಕಬ್ಬಿಣದ ತಂತಿ ಬೇಡ, ಪೈಪ್ ಕಳಚಿಕೊಳ್ಳುತ್ತದೆ.

ಅದೇ ಎಲೆ ಮುಂದೆಯೂ ಸೇರುತ್ತದೆ. ಈ ಗಾಡಿಯ ಇಂಜಿನ್ ಸೀಟಿನ ಹಿಂದೆ ಇದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರ್‌ನ ಎರಡು ಮೂಲೆಯಲ್ಲಿವೆ. ಅವುಗಳ ಮುಂದೆ ಎಸಿ ಕಂಡೆನ್ಸರ್. ಒದ್ದೆ ಎಲೆ ಅಲ್ಲಿ ಕೂತು ಕೊಳೆತು ಅಲ್ಯುಮಿನಿಯಂ ತಿನ್ನುತ್ತದೆ. ಎಸಿ ಗ್ಯಾಸ್ ಪದೇ ಪದೇ ಖಾಲಿಯಾಗುತ್ತಿದೆ ಅಂದರೆ ಮೊದಲು ಅಲ್ಲಿ ನೋಡಬೇಕು. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ ತೊಳೆಸಿ. ಬೆಂಗಳೂರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅಲ್ಲಿ ಅಷ್ಟು ಎಲೆ ಎಲ್ಲಿದೆ?

ಪ್ರಶ್ನೆ (ಅದೇ ಸದಸ್ಯರು): ಬ್ಯಾಟರಿ ಕೇಬಲ್ ಕಳಚಿ ಇಟ್ಟರೆ ಆಗಲ್ವಾ? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಚಾರ್ಜರ್ ಹಾಕಿಟ್ಟರೂ ಏನು ಪ್ರಯೋಜನ?

ಉತ್ತರ: ಕರೆಂಟ್ ಎರಡು ದಿನ ಹೋದರೆ ಏನೂ ಆಗುವುದಿಲ್ಲ. ವಾರಗಟ್ಟಲೆ ಚಾರ್ಜ್ ಇಲ್ಲದೆ ನಿಂತರೆ ಮಾತ್ರ ತೊಂದರೆ. ಲಾಕ್ ಮಾಡಿ ಹೋದ ಮೇಲೂ ಅಲಾರ್ಮ್, ಕೀ ರಿಸೀವರ್ ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ತಾನಾಗಿ ಆನ್ ಆಫ್ ಆಗುವ ಬ್ಯಾಟರಿ ಮೇಂಟೇನರ್ ತಗೊಳ್ಳಿ. ಅದನ್ನು ಸ್ಟೆಬಿಲೈಸರ್ ಮೂಲಕ ಹಾಕಿ, ಯಾಕೆಂದರೆ ಕರೆಂಟ್ ವಾಪಸ್ ಬರುವಾಗ ವೋಲ್ಟೇಜ್ ಹಾರುತ್ತದೆ. ಕೇಬಲ್ ಕಳಚಿದರೆ ಕಿಟಕಿ, ಗಡಿಯಾರ ಎಲ್ಲ ಮತ್ತೆ ಸೆಟ್ ಮಾಡುತ್ತಾ ಕೂರಬೇಕು.

ಇನ್ನೊಂದು ಪೇಚಾಟ ಈಗಲೇ ತಿಳಿದಿರಲಿ. ಈ ಗಾಡಿಯ ಬ್ಯಾಟರಿ ಮುಂದಿನ ಬಾನೆಟ್ ಒಳಗಿದೆ, ಬಾನೆಟ್ ತೆರೆಯುವುದು ಕರೆಂಟ್‌ನಲ್ಲಿ. ಬ್ಯಾಟರಿ ಸತ್ತರೆ ಬ್ಯಾಟರಿ ಹತ್ತಿರವೇ ಹೋಗಲಾಗುವುದಿಲ್ಲ! ಆಗ ಕೀ ಒಳಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆಯಿರಿ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆಯಿರಿ. ಅಲ್ಲಿ ಹೊರಗೆ ಎಳೆಯುವ ಒಂದು ಪ್ಲಸ್ ತುದಿ ಇದೆ. ಇನ್ನೊಂದು ಬ್ಯಾಟರಿಯಿಂದ ತಂದ ಜಂಪ್ ಕೇಬಲ್‌ನ ಕೆಂಪು ಅದಕ್ಕೆ, ಕಪ್ಪು ಬಾಗಿಲಿನ ಲೋಹದ ಕೊಂಡಿಗೆ. ಅಷ್ಟು ಕರೆಂಟ್ ಬಂದರೆ ಕೀ ಒತ್ತಿದಾಗ ಬಾನೆಟ್ ತೆರೆಯುತ್ತದೆ. ಆ ತುದಿಯಿಂದ ಇಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ, ಅದು ಬಾನೆಟ್ ತೆರೆಯಲಿಕ್ಕೆ ಮಾತ್ರ. ಮ್ಯಾನುಯಲ್‌ನ ಆ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದಿಡಿ.

ಶೆಡ್ ಬಗ್ಗೆಯೂ ಒಂದು ಮಾತು. ಕಾಫಿ ಮೂಟೆ ಇಡುವ ಶೆಡ್ಡಿನಲ್ಲಿ ಈ ಕಾರ್ ಬೇಡವೇ ಬೇಡ. ಮೂಟೆ ಇದ್ದಲ್ಲಿ ಇಲಿ ಇರುತ್ತದೆ, ಇಲಿಗೆ ವೈರಿಂಗ್ ಅಂದರೆ ಪ್ರೀತಿ. ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸುವ ಊರು ನಮ್ಮದು, ಲೆದರ್ ಸೀಟಿಗೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಬಾಗಿಲು ಮುಚ್ಚುವ ಗ್ಯಾರೇಜ್ ಇದ್ದರೆ ಗಾಳಿಯ ತೇವ ಎಳೆಯುವ ಡಿಹ್ಯೂಮಿಡಿಫೈಯರ್ ಇಡಿ. ಮೂರು ಕಡೆ ತೆರೆದ ಶೆಡ್ಡಿಗೆ ಅದು ದಂಡ.

ಕುಶಾಲನಗರ ಕಡೆ ನೆಂಟರಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಅವರ ಮನೆಯಲ್ಲಿ ಇಡಿ. ನಾಪೋಕ್ಲು, ಭಾಗಮಂಡಲದ ಮಳೆ ಎಲ್ಲಿ, ಇಲ್ಲಿನ ಮಳೆ ಎಲ್ಲಿ! ಇದಕ್ಕಿಂತ ಅಗ್ಗದ ಮೇಂಟೆನೆನ್ಸ್ ನನಗೆ ಗೊತ್ತಿಲ್ಲ.

ಪ್ರಶ್ನೆ (ವಿರಾಜಪೇಟೆ): ನನ್ನ ಬಳಿ ಫೋರ್ಡ್ ಮಸ್ಟಾಂಗ್ ಇದೆ, 5 ಲೀಟರ್ ವಿ8. ಈಗ ಎಲ್ಲ ಬಂಕ್‌ನಲ್ಲೂ ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಹಾಕಬಹುದಾ?

ಉತ್ತರ: ಪೆಟ್ರೋಲ್ ಮುಚ್ಚಳದ ಒಳಗೆ, ಇಲ್ಲವೇ ಮ್ಯಾನುಯಲ್‌ನಲ್ಲಿ ಎಷ್ಟು ಆಕ್ಟೇನ್ (ಪೆಟ್ರೋಲ್ ಇಂಜಿನ್ ನಾಕ್ ತಡೆಯುವ ಅಳತೆ), ಎಷ್ಟು ಎಥನಾಲ್ ತನಕ ಸರಿ ಅಂತ ಬರೆದಿರುತ್ತದೆ. ವಾಟ್ಸ್ಆ್ಯಪ್ ಮೆಸೇಜ್ ಅಲ್ಲ, ಅದನ್ನೇ ನಂಬಿ. ಎಕ್ಸ್‌ಪಿ95, ಪವರ್95 ತರಹದ 95 ಆಕ್ಟೇನ್ ಪೆಟ್ರೋಲ್ ಸಿಕ್ಕರೆ ಹಾಕಿ. ಆದರೆ ಪ್ರೀಮಿಯಂ ಅಂದ ಮಾತ್ರಕ್ಕೆ ಎಥನಾಲ್ ಇರುವುದಿಲ್ಲ ಅಂತಲ್ಲ. ಆಕ್ಟೇನ್ ಕಮ್ಮಿ ಆದರೆ ನಾಕ್ ಸೆನ್ಸರ್ ನೋಡಿ ಇಂಜಿನ್ ಕಂಪ್ಯೂಟರ್ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಹಾಕುತ್ತದೆ, ಪವರ್ ಇಳಿಯುತ್ತದೆ. ಒಂದು ಟ್ಯಾಂಕ್‌ಗೆ ಇಂಜಿನ್ ಸಾಯುವುದಿಲ್ಲ. ನಿಂತ ಗಾಡಿಗೆ ತೊಂದರೆ ಬೇರೆ. ಎಥನಾಲ್ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಮ್ಮಿ ಇರಲಿ.

ಪ್ರಶ್ನೆ (ಸೋಮವಾರಪೇಟೆ): ನಮ್ಮೂರ ಹಂಪ್ ದಾಟುತ್ತಾ ಸರ್ ಇವೆಲ್ಲ? 😀 ಆ ದುಡ್ಡಿಗೆ ಜೀಪೇ ಎಷ್ಟು ಬರುತ್ತೆ!

ಉತ್ತರ: ಜೀಪ್ ಅವರ ಬಳಿ ಇದೆಯಂತಲ್ಲ, ಬಿಡಿ. ನಿಯಮದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಯಾವ ಕಾರಾದರೂ ದಾಟುತ್ತದೆ. ನಮ್ಮಲ್ಲಿ ಅದೇ ಎತ್ತರವನ್ನು ಒಂದು ಮಾರು ಅಗಲವೂ ಇಲ್ಲದೆ ಗುಡ್ಡೆ ಹಾಕಿರುತ್ತಾರೆ. ತುಂಬಾ ನಿಧಾನಕ್ಕೆ, ಜಾಗ ಇದ್ದರೆ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ. ಹಂಪ್‌ಗಿಂತ ನನಗೆ ಭಯ ಮನೆಯ ಗೇಟಿನ ಹತ್ತಿರದ ಚರಂಡಿ ಮತ್ತು ತೋಟದ ದಾರಿಯ ನಡುವಿನ ದಿಬ್ಬ. ಗಾಡಿ ತರುವ ಮೊದಲು ಗೇಟಿನಿಂದ ಶೆಡ್ ತನಕ ಕಾಂಕ್ರೀಟ್ ಹಾಕಿಸಿ.

ಪ್ರಶ್ನೆ (ಮಡಿಕೇರಿ): ಮಳೆಯಲ್ಲಿ ಓಡಿಸಲೇಬೇಕಾದರೆ ಟೈರು, ಬ್ರೇಕ್ ಹೇಗೆ ನೋಡಿಕೊಳ್ಳಬೇಕು?

ಉತ್ತರ: ಕಾನೂನಿಗೆ ಟೈರಿನಲ್ಲಿ 1.6 ಮಿ.ಮೀ. ಆಳದ ಗ್ರೂವ್ ಸಾಕು. ಸಂಪಾಜೆ ಘಾಟಿಯ ಮಳೆಗೆ ಸಾಲದು. ಅಗಲ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, 3 ಮಿ.ಮೀ.ಗೆ ಬಂದರೆ ಬದಲಿಸಿ. ಓಡಿಸಿ ಬಂದು ನಿಲ್ಲಿಸುವ ಮೊದಲು ಸಪಾಟು ದಾರಿಯಲ್ಲಿ ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಹಿಡಿದು ಡಿಸ್ಕ್ ಒಣಗಿಸಿ. ಇಲ್ಲದಿದ್ದರೆ ಪ್ಯಾಡ್ ಡಿಸ್ಕ್‌ಗೆ ಅಂಟುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಓಡಿರಲಿ ಬಿಡಲಿ. ರಸ್ತೆ ಮೇಲೆ ನೀರು ನಿಂತಿದ್ದು ಆಳ ಗೊತ್ತಿಲ್ಲದಿದ್ದರೆ ಹಿಂದೆ ತಿರುಗಿ. ನೀರಿನಲ್ಲಿ ಆಫ್ ಆದರೆ ಮತ್ತೆ ಸ್ಟಾರ್ಟ್ ಬಟನ್ ಒತ್ತಬೇಡಿ. ಇನ್ಶೂರೆನ್ಸ್‌ನಲ್ಲಿ ಇಂಜಿನ್ ಪ್ರೊಟೆಕ್ಷನ್ ಇರಲಿ.

ಪ್ರಶ್ನೆ (ನಾಪೋಕ್ಲು ಸದಸ್ಯರು): ಮನೆಯಲ್ಲಿ ಮಾತಾಡಿದೆ, ಬಾಕ್ಸ್‌ಸ್ಟರೇ ಬೇಕಂತೆ. ಕೊಚ್ಚಿಗೆ ಹೋದಾಗ ಏನೇನು ನೋಡಲಿ?

ಉತ್ತರ: ಸರಿ, ಆಸೆ ಮುಂದೆ ಮೆಕ್ಯಾನಿಕ್ ಮಾತು ಎಲ್ಲಿ ನಡೆಯುತ್ತದೆ! 2018ರ ಗಾಡಿ, ಕೇರಳದ್ದು ಅಂದ ಮೇಲೆ ಮೊದಲು ನೀರು ಕುಡಿದಿದೆಯಾ ನೋಡಿ. ಆ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂದಿತ್ತು. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ, ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ವಾಪಸ್ ಬನ್ನಿ. ಸೀಟ್ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ವಾಸನೆ ಬರುತ್ತಾ ನೋಡಿ. ಟೈರ್ ಪಕ್ಕದ ನಾಲ್ಕಂಕಿ ಓದಿ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಗ್ರೂವ್ ಎಷ್ಟೇ ಇದ್ದರೂ ಹಳೆ ರಬ್ಬರ್ ಗಟ್ಟಿಯಾಗಿರುತ್ತದೆ. ನಾಲ್ಕೂ ಹೊಸದಕ್ಕೆ ಲಕ್ಷ ದಾಟುತ್ತದೆ, ಅದನ್ನು ಬೆಲೆಯಲ್ಲಿ ಇಳಿಸಿ.

ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಇದರಲ್ಲಿ ಆಯಿಲ್ ನೋಡಲು ಡಿಪ್‌ಸ್ಟಿಕ್ ಇಲ್ಲ, ಮೀಟರ್ ಪರದೆಯಲ್ಲೇ ನೋಡಬೇಕು, ಅದೂ ಗಾಡಿ ಸಮತಟ್ಟಾಗಿ ನಿಂತಾಗ. ಅಲ್ಲೇ ನೋಡಿಬಿಡಿ, ನಾಪೋಕ್ಲುವಿನಲ್ಲಿ ಸಮತಟ್ಟು ಜಾಗ ಹುಡುಕುವುದು ಕಷ್ಟ. ಕಮ್ಮಿ ಓಡಿದೆ ಅಂತ ಸರ್ವಿಸ್ ಬಿಟ್ಟಿದ್ದಾರಾ ಕೇಳಿ. ವರ್ಷಕ್ಕೊಮ್ಮೆ ಆಯಿಲ್ ಬದಲಾಗಿರಬೇಕು. ದುಡ್ಡು ಕೊಟ್ಟಾದರೂ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ಚೆಕ್ ಮಾಡಿಸಿ.

ಕಾಗದ ಪತ್ರ ಕೊನೆಗೆ. ಬೇರೆ ರಾಜ್ಯದ ನಂಬರ್‌ನಲ್ಲಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೊಡಗಿನ ಕೆಎ 12 ನಂಬರ್ ಆಗಲೇಬೇಕು. ಕರ್ನಾಟಕದ ಲೈಫ್ ಟ್ಯಾಕ್ಸ್ ಸಣ್ಣ ಮೊತ್ತ ಅಲ್ಲ. ಮಡಿಕೇರಿ ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿಕೊಂಡೇ ರೇಟ್ ಮಾತಾಡಿ. ಎನ್‌ಒಸಿ (ಕೇರಳ ಆರ್‌ಟಿಒ ಕೊಡುವ ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಕೇರಳ ಗಡಿಯ ಮಾಕುಟ್ಟ ಘಾಟಿ ಹತ್ತಿಸಿಕೊಂಡು ತರುವುದಾದರೆ ಹಗಲಲ್ಲಿ ಬನ್ನಿ. ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ. ಎಳೆಯುವ ಕೊಕ್ಕೆ ಟೂಲ್ ಕಿಟ್‌ನಲ್ಲಿ ಇದೆಯಾ ನೋಡಿಕೊಂಡು ಹೊರಡಿ. ಕೆಟ್ಟು ನಿಂತರೆ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ, ಅದರ ಮೇಲೆ ಎಳೆದು ಹತ್ತಿಸಲು ಆ ಕೊಕ್ಕೆ ಬೇಕು. ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಸಬೇಡಿ.